ಬಿಳಿ ಗೌನಿನ ಓಟ

ಎಲ್ಲ ರಾದ್ಧಾಂತಕ್ಕೂ ಮೂಲ ಪ್ರಕಾಶಕರ ಒಂದು ಫೋನು.

"ಏನ್ರೀ, ಹೋದ ಸಲದ ಮುಖಪುಟದ ಹೆಂಗಸು ಬಸ್ಸು ಹಿಡಿಯೋಕೆ ಓಡ್ತಿದಾಳಾ?" ಎಂದರು ಅವರು, ನಮಸ್ಕಾರವನ್ನೂ ಹೇಳದೆ.

ಚಿತ್ರಕಾರ ಆಗಿನ್ನೂ ಹಲ್ಲುಜ್ಜುತ್ತಿದ್ದ. "ಇಲ್ಲ ಸಾರ್, ಹೆದರಿಕೊಂಡು ಓಡ್ತಿದಾಳೆ," ಎಂದ ನೊರೆ ತುಂಬಿದ ಬಾಯಲ್ಲಿ.

"ಓದೋರಿಗೆ ಹಾಗೆ ಕಾಣ್ಲಿಲ್ವಲ್ಲ! ಬಸ್ಸು ಸಿಕ್ತಾ ಅಂತ ಕೇಳ್ತಿದಾರೆ. ಈ ಸಲ ನನಗೆ ನಿಜವಾದ ಭಯ ಬೇಕು. ಸಂಜೆ ಒಳಗೆ ಪ್ರೆಸ್ಸಿಗೆ ಹೋಗ್ಬೇಕು. ಆಗಲ್ಲ ಅಂದ್ರೆ ಈಗಲೇ ಹೇಳಿ, ಕಂಪ್ಯೂಟರಿನಲ್ಲಿ ಮಾಡಿಕೊಡೋರು ಬಾಗಿಲಲ್ಲೇ ನಿಂತಿದಾರೆ."

ಈ ಪ್ರಕಾಶಕರು ಹೊರತರುತ್ತಿದ್ದದ್ದು 'ಗಾಥಿಕ್ ಮಾಲೆ' ಎಂಬ ಹೆದರಿಕೆಯ ಕಾದಂಬರಿಗಳನ್ನು. ಹಾಳುಬಿದ್ದ ದೊಡ್ಡ ಮನೆ, ಬೀಗ ಹಾಕಿದ ಕೋಣೆ, ಕಣ್ಣು ಹೊರಳಿಸುವ ಮುತ್ತಜ್ಜನ ಚಿತ್ರಪಟ, ಮಾತಾಡದ ಗಂಡ, ಇವೆಲ್ಲ ಅದರಲ್ಲಿ ಇರಲೇಬೇಕು. ನಮ್ಮ ಚಿತ್ರಕಾರ ಎಷ್ಟೋ ವರ್ಷಗಳಿಂದ ಅವಕ್ಕೆ ಮುಖಪುಟ ಬರೆಯುತ್ತಿದ್ದ. ಆದರೆ ಒಂದು ಸಾಲನ್ನೂ ಓದಿದವನಲ್ಲ. ಹಿಂದೆ ಮನೆ, ಅದರ ಒಂದೇ ಒಂದು ಕಿಟಕಿಯಲ್ಲಿ ದೀಪ, ಮುಂದೆ ಬಿಳಿ ಗೌನು ತೊಟ್ಟು ಕೂದಲು ಬಿಟ್ಟುಕೊಂಡು ಬರಿಗಾಲಲ್ಲಿ ಓಡುವ ಹೆಂಗಸು. ಚಂದ್ರನನ್ನು ಒಂದು ಪುಸ್ತಕದಲ್ಲಿ ಎಡಕ್ಕೂ ಮುಂದಿನದರಲ್ಲಿ ಬಲಕ್ಕೂ ಸರಿಸಿಬಿಟ್ಟರೆ ಅವನ ಕೆಲಸ ಮುಗಿಯಿತು.

ಈಗ ನಿಜವಾದ ಭಯವನ್ನು ಎಲ್ಲಿಂದ ತರುವುದು? ಅವನ ಕಣ್ಣು, ಅಡುಗೆಮನೆಯಲ್ಲಿ ಬ್ರೆಡ್ಡು ಕೊಯ್ಯುತ್ತಿದ್ದ ಹೆಂಡತಿಯ ಮೇಲೆ ಬಿತ್ತು.

"ಒಂದೈದು ನಿಮಿಷ ಓಡ್ತೀಯೇನೇ?"

"ಎಲ್ಲಿಗೆ?"

"ಎಲ್ಲಿಗೂ ಅಲ್ಲ. ಬಾಗಿಲಿಂದ ಗೇಟಿನ ತನಕ."

ಹಾಸಿಗೆಯ ಮೇಲಿನ ಬಿಳಿ ಚಾದರಕ್ಕೆ ಅಲ್ಲಲ್ಲಿ ಪಿನ್ನು ಚುಚ್ಚಿ ಗೌನು ತಯಾರಾಯಿತು. ಅದನ್ನು ತೊಟ್ಟ ಹೆಂಡತಿ ಬಾಗಿಲಲ್ಲಿ ನಿಂತು, ಪರೀಕ್ಷೆ ಮಾಡುವವರ ಹಾಗೆ ಪ್ರಶ್ನೆ ಕೇಳತೊಡಗಿದಳು.

"ಇವಳು ಯಾಕೆ ಓಡ್ತಾಳೆ?"

"ಹೆದರಿಕೊಂಡು."

"ಯಾರಿಗೆ?"

"ನನಗೇನು ಗೊತ್ತು? ನೀನು ಓಡು."

"ಯಾರು ಅಟ್ಟಿಸ್ಕೊಂಡು ಬರ್ತಿದಾರೆ ಅಂತ ಗೊತ್ತಾಗದೆ ಹೇಗ್ರೀ ಓಡೋದು? ನಾಯಿ ಬಂದ್ರೆ ಒಂಥರ ಓಡ್ತೀವಿ, ನೆಂಟರು ಬಂದ್ರೆ ಇನ್ನೊಂಥರ ಓಡ್ತೀವಿ. ಮತ್ತೆ ಇಷ್ಟು ದೊಡ್ಡ ಮನೇಲಿ ಅವಳಿಗೆ ಒಂದು ಜೊತೆ ಚಪ್ಪಲಿ ಇಲ್ವಾ?"

"ಇದರಲ್ಲಿ ಚಪ್ಪಲಿ ಹಾಕಲ್ಲ ಕಣೇ. ಹಿಂದಕ್ಕೆ ತಿರುಗಿ ನೋಡ್ತಾ ಓಡು."

"ಹಿಂದೆ ನೋಡ್ತಾ ಓಡಿದ್ರೆ ಎಡವಿ ಬೀಳಲ್ವಾ?"

ಆದರೂ ಓಡಿದಳು. ಮೊದಲ ಸಲ, ಗ್ಯಾಸ್ ಆರಿಸುವುದನ್ನು ಮರೆತವಳ ಹಾಗೆ. ಎರಡನೆಯ ಸಲ ನಗು ತಡೆಯಲಾರದೆ ಗೇಟಿಗೆ ಒರಗಿಬಿಟ್ಟಳು. ಆಮೇಲಿನ ಸಲಗಳಲ್ಲಿ ಅವಳ ಮುಖದಲ್ಲಿ ಸಿಟ್ಟು ಕಂಡಿತೇ ಹೊರತು ಭಯದ ಸುಳಿವಿಲ್ಲ. ಚಿತ್ರಕಾರನಿಗೆ ತಲೆ ಬಿಸಿಯಾಯಿತು. ಕೊನೆಗೆ ಅವನೊಂದು ಉಪಾಯ ಮಾಡಿದ. ದೊಡ್ಡ ಬ್ರಷ್ಷನ್ನು ಕೆಂಪು ಬಣ್ಣದ ಡಬ್ಬಿಯಲ್ಲಿ ಅದ್ದಿ, ಅವಳು ಓಡಲು ಶುರು ಮಾಡುತ್ತಲೇ, ಗಂಟಲು ಹರಿಯುವಂತೆ ಕಿರುಚುತ್ತ ಹಿಂದೆಯೇ ನುಗ್ಗಿದ.

ಹೆಂಡತಿ ತಿರುಗಿ ನೋಡಿದಳು. ಬಾಯಿ ತೆರೆಯಿತು, ಕಣ್ಣು ತಟ್ಟೆಯಷ್ಟಾಯಿತು. ಗೇಟು ದಾಟಿ, ಬೀದಿ ದಾಟಿ, ಮೂಲೆಮನೆಯ ದೊಡ್ಡ ಟೀಚರ್ ಮನೆಯೊಳಗೆ ನುಗ್ಗಿ ಕದ ಹಾಕಿಕೊಂಡಳು. ದೊಡ್ಡ ಟೀಚರ್ ಎಂದರೆ ನಿವೃತ್ತ ಹೆಡ್‌ಮಿಸ್ಟ್ರೆಸ್. ಆ ಬೀದಿಯಲ್ಲಿ ಅವರೆಂದರೆ ಈಗಲೂ ಎಲ್ಲರೂ ಕೈಕಟ್ಟಿ ನಿಲ್ಲುವವರೇ.

"ಸಿಕ್ಕಿತು! ಇದೇ ಬೇಕಾಗಿದ್ದು!" ಎಂದು ಬೀದಿಯಲ್ಲೇ ಕುಣಿದ ಚಿತ್ರಕಾರ, ಆ ಭಂಗಿ ಮನಸ್ಸಿನಿಂದ ಜಾರುವ ಮೊದಲೇ ಮನೆಗೆ ಓಡಿ, ಕೆಲಸದ ಕೋಣೆಗೆ ಒಳಗಿನಿಂದ ಅಗುಳಿ ಹಾಕಿಕೊಂಡ. ಎದುರು ಅಂಗಡಿಯ ಟೈಲರ್ ಹೊಲಿಯುವುದನ್ನು ಬಿಟ್ಟು ಎದ್ದು ನಿಂತದ್ದಾಗಲಿ, ಕ್ಲಿನಿಕ್ಕಿಗೆ ಹೊರಟಿದ್ದ ಕಾಂಪೌಂಡರ್ ಸೈಕಲ್ಲಿನಿಂದ ಇಳಿದದ್ದಾಗಲಿ ಅವನ ಕಣ್ಣಿಗೆ ಬೀಳಲಿಲ್ಲ.

ಹೊಟ್ಟೆ ಚುರುಗುಟ್ಟಿದಾಗಲೇ ಹೆಂಡತಿ ಇನ್ನೂ ಬಂದಿಲ್ಲವೆಂಬುದು ಅವನಿಗೆ ಹೊಳೆದದ್ದು. ಚಿತ್ರದಲ್ಲಿ ಮನೆ, ಮೈಕಟ್ಟು, ಗೌನಿನ ಮಡಿಕೆಗಳೆಲ್ಲ ಬಂದಿದ್ದವು. ಮುಖ ಮಾತ್ರ ಬಾಕಿ. ಹೋಗಿ ಟೀಚರ್ ಮನೆಯ ಬಾಗಿಲು ತಟ್ಟಿದ. ಬಾಗಿಲು ನಾಲ್ಕು ಬೆರಳಷ್ಟು ತೆರೆದು, ಒಂದು ಕನ್ನಡಕ ಕಾಣಿಸಿತು.

"ಅವಳು ಈಗ ಬರಲ್ಲಪ್ಪ."

"ಯಾಕೆ ಟೀಚರ್?"

"ಕಾರಣ ಗೊತ್ತಾಗೋ ತನಕ ಏಳಲ್ಲ ಅಂತಿದಾಳೆ."

"ಕಾರಣ ನಾನು ಹೇಳ್ತೀನಿ..."

"ನಿನಗೆ ಗೊತ್ತಿಲ್ಲ ಅಂತ ಬೆಳಿಗ್ಗೆ ನೀನೇ ಹೇಳಿದ್ಯಂತೆ," ಎಂದಿತು ಕನ್ನಡಕ. ಬಾಗಿಲು ಮುಚ್ಚಿತು.

ಚಿತ್ರಕಾರ ಕಕ್ಕಾಬಿಕ್ಕಿಯಾಗಿ ಹಿಂದಿರುಗಿದರೆ, ಅವನ ಮನೆಯ ಮೆಟ್ಟಿಲ ಮೇಲೆ ಟೈಲರ್ ಮತ್ತು ಕಾಂಪೌಂಡರ್ ಕೂತಿದ್ದರು.

"ಸಾರ್, ನಾವು ಬೇರೆಯವರ ಸಂಸಾರಕ್ಕೆ ತಲೆ ಹಾಕೋರಲ್ಲ," ಎನ್ನುತ್ತಲೇ ಟೈಲರ್ ತಲೆಯನ್ನು ಕಿಟಕಿಯೊಳಗೆ ಹಾಕಿದ. "ಅಕ್ಕ ಬೆಳಿಗ್ಗೆ ಏನು ನೋಡಿ ಹೆದರಿದ್ರು? ಅಟ್ಟದ ಮೇಲೆ ಏನಾದ್ರೂ ಓಡಾಡುತ್ತಾ? ಗೋಡೆ ಒಳಗಿಂದ ಅಳು ಗಿಳು ಕೇಳ್ಸುತ್ತಾ?"

"ದೆವ್ವವೂ ಇಲ್ಲ ಏನೂ ಇಲ್ಲ," ಎಂದ ಕಾಂಪೌಂಡರ್ ದನಿ ತಗ್ಗಿಸಿ. "ಸಾರ್ ಕೈಯಲ್ಲಿ ಕೆಂಪಗೆ ಏನೋ ಇತ್ತು, ನಾನೇ ನೋಡಿದೀನಿ. ಈ ಮನೆಯಿಂದ ಬರೋ ವಾಸನೆ ಔಷಧಿದೂ ಅಲ್ಲ, ಅಡುಗೇದೂ ಅಲ್ಲ. ಇದು ಪ್ರಯೋಗದ ವಾಸನೆ. ಸಾರ್, ಆ ಕೋಣೆಗೆ ಯಾವಾಗಲೂ ಅಗುಳಿ ಯಾಕೆ?"

"ಬೆಕ್ಕು ಬಂದು ಬಣ್ಣ ತುಳಿಯುತ್ತೆ ಅಂತ."

"ನಿಮ್ಮ ಮನೇಲಿ ಬೆಕ್ಕೇ ಇಲ್ವಲ್ಲ."

"ಪಕ್ಕದ ಮನೇದು!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆವರಿದ ಚಿತ್ರಕಾರ ಕೋಣೆಯ ಬಾಗಿಲನ್ನು ಧಡಾರನೆ ತೆರೆದುಬಿಟ್ಟ. "ನೋಡ್ಕೊಳ್ಳಿ ಹಾಗಾದ್ರೆ!"

ನೋಡಿದರು. ನಾಲ್ಕೂ ಗೋಡೆಗಳ ಮೇಲೆ ಹೆಂಗಸರು. ಎಲ್ಲರೂ ಬಿಳಿ ಬಟ್ಟೆಯಲ್ಲಿ, ಬರಿಗಾಲಲ್ಲಿ, ಕೂದಲು ಬಿಟ್ಟುಕೊಂಡು, ಬಾಗಿಲ ಕಡೆಗೇ ಓಡಿ ಬರುತ್ತಿದ್ದಾರೆ. ನೆಲದ ಮೇಲೆ ಚೆಲ್ಲಿದ ಕೆಂಪು.

"ಅಯ್ಯಯ್ಯೋ," ಎಂದು ಟೈಲರ್ ಎದೆ ಹಿಡಿದುಕೊಂಡ. "ಇಷ್ಟು ಜನ ಓಡಿಹೋಗಿದಾರಾ ಈ ಮನೆಯಿಂದ?"

ಕಾಂಪೌಂಡರ್ ಬಗ್ಗಿ ಕೆಂಪನ್ನು ಬೆರಳಿಂದ ಮುಟ್ಟಿ ಮೂಸಿದ. ನಿರಾಸೆಯಿಂದ, "ಪೇಂಟು," ಎಂದ. ಎದ್ದವನು ಗೋಡೆಯ ಒಂದು ಚಿತ್ರದೆದುರು ಹಾಗೇ ನಿಂತುಬಿಟ್ಟ. "ಇದು... ಇದು ಗಾಥಿಕ್ ಮಾಲೆ ಅಲ್ವಾ? ಸಾರ್! ಇವೆಲ್ಲ ಬರೆಯೋದು ನೀವಾ?"

ಅಲ್ಲಿಂದ ಮುಂದೆ ಚಿತ್ರಕಾರನಿಗೆ ಕೊಲೆಗಾರನಾಗಿದ್ದರೇ ವಾಸಿ ಇತ್ತು ಎನಿಸಿತು. ಇಬ್ಬರೂ ಆ ಮಾಲೆಯ ಹುಚ್ಚು ಓದುಗರು. ಟೀಚರ್ ಮನೆಯ ಕಪಾಟಿನಿಂದ ಸರದಿಯ ಮೇಲೆ ಎರವಲು ತಂದು ಓದುವವರು. ಅವನನ್ನು ಸ್ಟೂಲಿನ ಮೇಲೆ ಕೂರಿಸಿ ವಿಚಾರಣೆ ನಡೆಸಿದರು.

"ಶಾಪದ ಮನೆ ಕತೆಯಲ್ಲಿ ಆ ಮನೆಗೆ ಮೂರು ಮಹಡಿ ಅಂತ ಬರೆದಿದೆ. ನೀವು ಎರಡೇ ಹಾಕಿದೀರಿ. ಮೂರನೇದರಲ್ಲೇ ಸಾರ್ ಇಡೀ ಕತೆ ನಡೆಯೋದು!" ಎಂದ ಟೈಲರ್.

"ಅದು ಹೋಗ್ಲಿ, ಡಾಕ್ಟರ ಕತೆಯಲ್ಲಿ ಹೆಂಗಸೇ ಇಲ್ಲ, ಅದರ ಮುಖಪುಟದಲ್ಲೂ ಒಬ್ಬಳು ಓಡ್ತಿದಾಳೆ. ಯಾರವಳು?" ಎಂದ ಕಾಂಪೌಂಡರ್.

ಆಮೇಲೆ ಅವರವರಲ್ಲೇ ಜಗಳ ಹತ್ತಿತು. ದೆವ್ವವೆಂದ ಮೇಲೆ ಅದು ನಿಜವಾಗಿಯೂ ದೆವ್ವವೇ ಆಗಿರಬೇಕು, ಕೊನೆಗೆ ಅದು ಚಿಕ್ಕಪ್ಪನ ಕೈವಾಡ ಎಂದರೆ ಓದಿದವರಿಗೆ ಮೋಸ ಮಾಡಿದಂತೆ ಎಂದು ಟೈಲರ್. ದೆವ್ವಕ್ಕಿಂತ, ಸತ್ತವರನ್ನು ಹೊಲಿದು ಎಬ್ಬಿಸುವ ಡಾಕ್ಟರೇ ಹೆಚ್ಚು ಭಯಂಕರ, ಯಾಕೆಂದರೆ ಅಂಥವರು ಊರಲ್ಲಿ ಇರಬಹುದು ಎಂದು ಕಾಂಪೌಂಡರ್.

"ನೀವೇ ಹೇಳಿ ಸಾರ್. ನಿಮಗೆ ಯಾವ ಥರದ್ದು ಇಷ್ಟ?"

"ನಾನು ಒಂದನ್ನೂ ಓದಿಲ್ಲ."

ನೆಲದ ಮೇಲಿದ್ದದ್ದು ರಕ್ತವೇ ಆಗಿದ್ದರೂ ಅವರ ಮುಖ ಅಷ್ಟು ಬಿಳಿಚಿಕೊಳ್ಳುತ್ತಿರಲಿಲ್ಲ.

"ಒಂದನ್ನೂ?" ಎಂದ ಟೈಲರ್, ಅಳುವವನ ಹಾಗೆ. "ಅಳತೆ ತಗೊಳ್ದೆ ಬಟ್ಟೆ ಹೊಲಿದ್ರಾ ಸಾರ್ ಇಷ್ಟು ವರ್ಷ?"

ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದು. ಫೋನು ಮಾಡಿ ಮಾಡಿ ಬೇಸತ್ತ ಪ್ರಕಾಶಕರು ತಾವೇ ಬಂದಿದ್ದರು. "ಎಲ್ರೀ ಚಿತ್ರ? ಪ್ರೆಸ್ಸಿನವರು ನನ್ನ ಪ್ರಾಣ ತಿಂತಿದಾರೆ!"

"ಮುಖ ಒಂದು ಬಾಕಿ ಸಾರ್. ಮುಖ ಟೀಚರ್ ಮನೇಲಿದೆ," ಎಂದ ಚಿತ್ರಕಾರ. ಕ್ಯಾನ್ವಾಸನ್ನು ಎತ್ತಿಕೊಂಡು ಮೂಲೆಮನೆಗೆ ನಡೆದ. ಹಿಂದೆ ಪ್ರಕಾಶಕರು, ಅವರ ಹಿಂದೆ ಟೈಲರ್, ಕಾಂಪೌಂಡರ್.

ಈ ಸಲ ಬಾಗಿಲು ಪೂರ್ತಿ ತೆರೆಯಿತು. ಒಳಗೆ ಹೆಂಡತಿ, ಅದೇ ಚಾದರದ ಗೌನಿನಲ್ಲಿ, ಟೀಚರ್ ಮಂಚದ ಮೇಲೆ ಕಾಲು ಚಾಚಿ ದಪ್ಪ ಪುಸ್ತಕವೊಂದನ್ನು ಓದುತ್ತಿದ್ದಳು. ಪಕ್ಕದಲ್ಲಿ ಖಾಲಿ ಟೀ ಲೋಟಗಳು. ಪ್ರಕಾಶಕರು ಈಗ ಮರುಮುದ್ರಿಸಲು ಹೊರಟಿದ್ದ ಕಾದಂಬರಿಯ ಹಳೆಯ ಪ್ರತಿ ಅದು.

"ಏನೇ ಇದು? ಮನೆ ಬಿಟ್ಟು ಹೋದೆ ಅಂತ ನನ್ನ ಜೀವ ಬಾಯಿಗೆ ಬಂದಿತ್ತು!"

"ಸುಮ್ನಿರ್ರೀ, ಎರಡೇ ಪುಟ ಇದೆ."

ಎಲ್ಲರೂ ನಿಂತರು. ಪ್ರಕಾಶಕರೂ ನಿಂತರು. ಟೀಚರ್ ತುಟಿಯ ಮೇಲೆ ಬೆರಳಿಟ್ಟು ಕಾಂಪೌಂಡರನ ಕೆಮ್ಮನ್ನು ಅಡಗಿಸಿದರು. ಕೊನೆಗೆ ಹೆಂಡತಿ ಪುಸ್ತಕ ಮುಚ್ಚಿ ಉಸಿರುಬಿಟ್ಟಳು.

"ಅವಳು ಓಡೋದೇ ಇಲ್ಲ," ಎಂದಳು.

"ಯಾರು?" ಎಂದರು ಪ್ರಕಾಶಕರು.

"ಈ ಪುಸ್ತಕದವಳು. ಮನೆ ಅವಳದು, ಅವಳಪ್ಪ ಕೊಟ್ಟಿದ್ದು. ಅದನ್ನ ಲಪಟಾಯಿಸೋಕೆ ಅವಳ ಗಂಡನೇ ಅಟ್ಟದ ಮೇಲೆ ಸರಪಳಿ ಎಳೆದು, ಅತ್ತು, ಅವಳಿಗೆ ಹುಚ್ಚು ಹಿಡಿಸೋಕೆ ನೋಡ್ತಾನೆ. ಅವಳು ಹೆದರೋ ಹೆಂಗಸಲ್ಲ. ಸದ್ದು ಎಲ್ಲಿಂದ ಬರುತ್ತೆ ಅಂತ ನೋಡೇಬಿಡ್ತೀನಿ ಅಂತ ದೀಪ ಹಿಡ್ಕೊಂಡು ಒಂದೊಂದೇ ಮೆಟ್ಟಿಲು ಹತ್ತುತಾಳೆ. ಅಟ್ಟದ ಬಾಗಿಲು ತೆಗೀತಾಳೆ. ಆಗ ಓಡೋನು ಗಂಡ. ಮಲಗೋ ಬಟ್ಟೇಲಿ, ಬರಿಗಾಲಲ್ಲಿ, ಊರೋರೆಲ್ಲ ನೋಡ್ತಿರೋ ಹಾಗೇ."

"ಅಂದ್ರೆ ದೆವ್ವ ನಿಜ ಅಲ್ಲ," ಎಂದ ಟೈಲರ್ ಸಪ್ಪಗೆ.

"ಅದನ್ನೇ ನಾನು ಹೇಳೋದು, ಎಲ್ಲದಕ್ಕೂ ಕಾರಣ ಇರುತ್ತೆ," ಎಂದು ಟೀಚರ್ ಬೀಗಿದರು.

ಪ್ರಕಾಶಕರು ಗಲ್ಲ ಕೆರೆದುಕೊಂಡರು. "ಹೌದಾ? ಇದು ನಮ್ಮ ತಂದೆ ಕಾಲದ ಪುಸ್ತಕ. ನಾನೂ ಓದಿರಲಿಲ್ಲ." ಅವರು ಕ್ಯಾನ್ವಾಸನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದರು. "ಅಮ್ಮಾ, ನೀವು ಹೇಳ್ತಿದ್ರೆ ನನಗೆ ಮೈ ಜುಂ ಅಂತು. ಇನ್ನುಮೇಲೆ ಮಾಲೆಯ ಪುಸ್ತಕ ಎಲ್ಲ ಮೊದಲು ನಿಮ್ಮ ಕೈಗೇ ಬರಲಿ. ಓದಿ, ಮುಖಪುಟದಲ್ಲಿ ಏನಿರಬೇಕು ಅಂತ ನೀವು ಹೇಳಿ. ಇವರು ಹಾಗೇ ಬರೀತಾರೆ. ಪ್ರೆಸ್ಸಿನವರನ್ನ ನಾಳೆ ತನಕ ನಾನು ಸಂಭಾಳಿಸ್ತೀನಿ."

"ಸಾರ್, ಈ ಚಿತ್ರ..." ಎಂದ ಚಿತ್ರಕಾರ.

"ಚಿತ್ರ ಚೆನ್ನಾಗೇ ಇದೆ ಕಣ್ರೀ. ಓಡ್ತಿರೋರು ತಪ್ಪು."

ಹೆಂಡತಿ ಮಂಚದಿಂದಿಳಿದು ಗಂಡನ ಚಪ್ಪಲಿಯತ್ತ ಬೆರಳು ಮಾಡಿದಳು. "ಬಿಡ್ರಿ ಅದನ್ನ. ಇನ್ನೂ ಬೆಳಕಿದೆ."

ಆ ಸಂಜೆ ಬೀದಿಯವರೆಲ್ಲ ಗೇಟುಗಳಿಗೆ ಬಂದು ನಿಂತು ನೋಡುತ್ತಿರಲು, ಚಿತ್ರಕಾರ ಪಟ್ಟೆಪಟ್ಟೆ ಪೈಜಾಮದಲ್ಲಿ ತನ್ನ ಮನೆಯಿಂದ ಹೊರಗೆ ಓಡಿದ. ಹಾಗಲ್ಲ ಎಂದಳು ಹೆಂಡತಿ, ಮತ್ತೆ ಓಡಿದ. ಕಾಲಿಗೆ ಕಲ್ಲು ಚುಚ್ಚಿ, ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ಕುಸಿದಾಗ, ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವನಿಗೊಂದು ಕುತೂಹಲ ಹುಟ್ಟಿತು.

"ಅಲ್ವೇ, ಆಮೇಲೆ ಆ ಗಂಡ ಎಲ್ಲಿಗೆ ಹೋಗ್ತಾನೆ?"

"ಅದನ್ನ ಬರೆದಿಲ್ಲ. ಅವನು ಓಡಿದ ಮೇಲೆ ಯಾರಿಗೂ ಅವನ ವಿಷಯ ಬೇಕಾಗಿಲ್ಲ," ಎಂದಳು ಅವಳು, ಪ್ರಕಾಶಕರು ಕಾರಿನಿಂದ ತೆಗೆದುಕೊಟ್ಟ ಮುಂದಿನ ಪುಸ್ತಕವನ್ನು ಆಗಲೇ ತೆರೆಯುತ್ತ.

"ಅಕ್ಕಾ, ಮುಂದಿನದು ಯಾವ ಥರದ್ದು?" ಕಾಂಪೌಂಡರ್ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದ. ಅವನ ಮುಖ ಅರಳಿತು. "ಡಾಕ್ಟರದು! ಮೇಜು, ಗಾಜಿನ ಜಾಡಿ ಎಲ್ಲ ನಮ್ಮ ಕ್ಲಿನಿಕ್ಕಿನಿಂದ ತಂದುಕೊಡ್ತೀನಿ. ಸಾರ್ ಮಲಗಿದ್ರೆ ಸಾಕು."

"ತಲೇನ ಮೈಗೆ ಸೇರಿಸಿ ಹೊಲೀತಾರಲ್ಲ, ಆ ಹೊಲಿಗೆ ನಿಜವಾಗಿ ಕಾಣ್ಬೇಕಲ್ವಾ ಸಾರ್?" ಎನ್ನುತ್ತ ಟೈಲರ್ ಚಿತ್ರಕಾರನ ಬೆನ್ನ ಹಿಂದೆ ಬಂದು ನಿಂತ. ಅಳತೆ ಟೇಪು ತಣ್ಣಗೆ ಕುತ್ತಿಗೆಯ ಸುತ್ತ ಬಂದು ಕೂತಿತು.

"ಅಲ್ಲಾಡ್ಬೇಡಿ," ಎಂದ ಟೈಲರ್.