ನೂರಾ ಒಂದು ಡಾಲರಿನ ಮನೆ

ಶಿವರಾಮು ಆವತ್ತು ತೊಂಬತ್ತೊಂಬತ್ತು ಡಾಲರು ಕೊಟ್ಟು ತೆಪ್ಪಗೆ ಊಟಕ್ಕೆ ಕೂತಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಆದರೆ ಅವನದು ಮಂಡ್ಯದ ಕಡೆಯ ಕೈ. ಶುಭಕಾರ್ಯದ ಮನೆಯಲ್ಲಿ ಮುಯ್ಯಿ ಕೊಡುವಾಗ ಸೊನ್ನೆಗೆ ನಿಲ್ಲಿಸಬಾರದು, ಮೇಲೊಂದು ಸೇರಿಸಬೇಕು ಎಂದು ತಾಯಿ ಹುಚ್ಚಮ್ಮ ಕಲಿಸಿದ್ದು ಸ್ಯಾನ್ ಹೊಸೆಗೆ ಬಂದು ಇಷ್ಟು ವರ್ಷವಾದರೂ ಬೆರಳು ಬಿಟ್ಟು ಇಳಿದಿರಲಿಲ್ಲ.

ನಡೆದದ್ದು ಇಷ್ಟು. ಊರಿನ ಎವರ್‌ಗ್ರೀನ್ ಬಡಾವಣೆಯಲ್ಲಿ ಪರಿಚಯದವರ ಗೃಹಪ್ರವೇಶ. ಕನ್ನಡದವರಿಗೆಲ್ಲ ಮನೆ ಕೊಡಿಸುವ ಏಜೆಂಟು ರಂಜನಿ ಹೋಳಿಗೆಯ ಪಾತ್ರೆ ಪಕ್ಕದಲ್ಲೇ ಟ್ಯಾಬ್ಲೆಟ್ ಹಿಡಿದು ನಿಂತಿದ್ದಳು. ಅವಳ ಕಸುಬಿನವರೆಲ್ಲ ಸೇರಿ 'ಸುಖೀ ಮನೆಗಳ ನಾಗರಿಕರು' ಎಂಬ ರಾಜಕೀಯ ಸಮಿತಿ ಕಟ್ಟಿದ್ದರು. ಬಾಡಿಗೆಯನ್ನು ಮನಸ್ಸಿಗೆ ಬಂದಷ್ಟು ಏರಿಸಬಾರದು ಎಂಬ ಪ್ರಸ್ತಾಪವೊಂದು ನವೆಂಬರಿನಲ್ಲಿ ಮತಕ್ಕೆ ಬರುವುದಿತ್ತು. ಅದನ್ನು ಸೋಲಿಸುವುದೇ ಈ ಸುಖಿಗಳ ಕೆಲಸ. ಆದರೆ ದುಡ್ಡು ಯಾರಿಂದ ಬಂತು ಅಂತ ಸಮಿತಿ ಸರ್ಕಾರಕ್ಕೆ ವರದಿ ಕೊಡಬೇಕು, ಆ ವರದಿಯನ್ನು ಊರಿನವರು ಯಾರು ಬೇಕಾದರೂ ನೋಡಬಹುದು.

"ತೊಂಬತ್ತೊಂಬತ್ತು ಹಾಕಿ ಸಾಕು ಸರ್," ಅಂದಳು ರಂಜನಿ. "ನೂರು ಮುಟ್ಟಿದ್ರೆ ಹೆಸರು, ಊರು, ಉದ್ಯೋಗ ಎಲ್ಲಾ ಆನ್‌ಲೈನ್ ಬಂದ್ಬಿಡುತ್ತೆ. ಅದರೊಳಗಿದ್ರೆ ಯಾರ್ಗೂ ಗೊತ್ತಾಗಲ್ಲ. ನಿಮಗೊಂದು ಮನೆ ಅಂತ ನಾನೂ ಹುಡುಕ್ತಾನೇ ಇದೀನಲ್ಲ!"

ಶಿವರಾಮು ಸ್ವತಃ ಬಾಡಿಗೆದಾರ. ಒಂದು ಡಾಲರೂ ಕೊಡಬಾರದಿತ್ತು. ಆದರೆ 'ನಿಮಗೊಂದು ಮನೆ' ಎಂಬ ಮಾತು ಕಿವಿಗೆ ಬಿದ್ದರೆ ಅವನ ಬುದ್ಧಿ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿತ್ತು. ಕಿಟಕಿಯಾಚೆ ಆ ಪುಣ್ಯವಂತರ ಹಿತ್ತಲು ಬಿಸಿಲಲ್ಲಿ ಹರಡಿಕೊಂಡಿತ್ತು. ಟ್ಯಾಬ್ಲೆಟ್ಟಿನಲ್ಲಿ 'ಉದ್ಯೋಗ' ಎಂಬ ಖಾನೆ ಬಂತು. ಅವನು 'ಪ್ರಾಪರ್ಟಿ ಓನರ್' ಎಂದು ಒತ್ತಿದ. ತನ್ನ ಹೆಸರಿನ ಪಕ್ಕ ಆ ಮಾತು ಹೇಗೆ ಕಾಣುತ್ತದೋ ನೋಡೋಣ ಎಂಬ ಆಸೆ, ಅಷ್ಟೇ. ಯಾರಿಗೂ ಗೊತ್ತಾಗುವುದಿಲ್ಲವಲ್ಲ! ಚೆನ್ನಾಗಿಯೇ ಕಂಡಿತು. ಅಷ್ಟರಲ್ಲಿ ಒಳಗೆ ಒಲೆಯ ಮೇಲಿನ ಹಾಲು ಉಕ್ಕಿ ಎಲ್ಲರೂ ಚಪ್ಪಾಳೆ ತಟ್ಟಿದರು. ಅವನ ಕಣ್ಣು ಮಂಜಾಯಿತು, ಕೈ ತನ್ನಷ್ಟಕ್ಕೆ ತಾನೇ ನೂರಾ ಒಂದು ಒತ್ತಿತು.

ಅವನಿಗೆ ಅಷ್ಟೊಂದು ಆಸೆ ಯಾಕೆ ಅಂತ ಕೇಳಿದರೆ, ಒಂದು ಕರಿಬೇವಿನ ಗಿಡ ತೋರಿಸಬೇಕು. ಮಗಳು ಲಾಸ್ಯಾ ಹುಟ್ಟಿದ ವರ್ಷ ಬೆರಳುದ್ದದ ಸಸಿ ತಂದು ಪೇಂಟಿನ ಬಕೆಟ್ಟಿನಲ್ಲಿ ನೆಟ್ಟಿದ್ದ. ಅಪಾರ್ಟ್‌ಮೆಂಟಿನಿಂದ ಅಪಾರ್ಟ್‌ಮೆಂಟಿಗೆ ಸಾಮಾನಿನ ಜೊತೆ ಅದೂ ಬಂತು. ಈಗ ಅದರ ತಲೆ ಬಾಲ್ಕನಿಯ ಸೂರು ಮುಟ್ಟಿದೆ, ಬೇರು ಬಕೆಟ್ಟಿನ ತಳ ಒಡೆದು ಸಿಮೆಂಟಿನ ಮೇಲೆ ಮಣ್ಣು ಹುಡುಕುತ್ತಿದೆ. ಅದನ್ನು ನೋಡಿದಾಗೆಲ್ಲ ಶಿವರಾಮುವಿಗೆ ತನ್ನನ್ನೇ ನೋಡಿಕೊಂಡಂತಾಗುತ್ತಿತ್ತು.

ಆ ಬೇರಿಗೆ ಒಂದು ನೆಲ ಕಣ್ಣಿಗೆ ಬಿದ್ದಿತ್ತು. ಅವನ ಅಪಾರ್ಟ್‌ಮೆಂಟಿದ್ದ ರಸ್ತೆಯದೇ ಮೂಲೆಮನೆ. ನಿವೃತ್ತ ಡಾಕ್ಟರು ಶೇಷಾದ್ರಿಗಳದ್ದು. ಹಿಂದೆ ಹಿತ್ತಲು, ಹಿತ್ತಲಲ್ಲಿ ನಿಂಬೆಗಿಡ. ಶೇಷಾದ್ರಿ ದಂಪತಿ ಮಗ ವಿಕಾಸನ ಊರಿಗೆ ಹೊರಟಿದ್ದರು. "ಮೂರ್ಮೂರು ಮನೆ ಇಟ್ಕೊಂಡೋನಿಗೆ ನಾನ್ಯಾಕಯ್ಯ ಮಾರ್ಲಿ? ಇಲ್ಲದೋನಿಗೆ ಕೊಟ್ರೆ ಪುಣ್ಯ," ಎಂದಿದ್ದರು ಅವರು. "ಬ್ಯಾಂಕಿನ ಸಹವಾಸ ಬೇಡ. ತಿಂಗಳು ತಿಂಗಳು ನನಗೇ ಕಟ್ಟು. ಆದ್ರೆ ಮನೆ ಪತ್ರದಲ್ಲಿ ವಿಕಾಸನ ಹೆಸರೂ ಇದೆ. ಅವನೊಬ್ಬ ಹೂಂ ಅಂದ್ಬಿಟ್ರೆ ಆಯ್ತು." ವಿಕಾಸ ಬೇಸಿಗೆಯಿಂದ ಹೂಂ ಅನ್ನದೆ ಕೂತಿದ್ದ. ಶಿವರಾಮು ಉಸಿರು ಬಿಗಿಹಿಡಿದು ಕಾಯುತ್ತಿದ್ದ.

ಹೀಗಿರುವಾಗ ಒಂದು ಶನಿವಾರ ಬೆಳಗ್ಗೆ ಅವನು ಗಿಡಕ್ಕೆ ನೀರು ಹಾಕುತ್ತಿದ್ದಾಗ ಹೆಂಡತಿ ಹೇಮಶ್ರೀ ಫೋನ್ ಹಿಡಿದು ಬಾಲ್ಕನಿಗೆ ಬಂದಳು. ಗಂಡನನ್ನು ಹೊಸಬನನ್ನು ನೋಡಿದಂತೆ ನೋಡಿದಳು.

"ರೀ, ನಿಜ ಹೇಳಿ. ಎಲ್ಲಿ ತಗೊಂಡಿದೀರಿ?"

"ಏನನ್ನ?"

"ಮನೇನ! ಗ್ರೂಪಲ್ಲಿ ಸಂಯುಕ್ತಾ ಹಾಕಿದಾಳೆ ನೋಡಿ. ಸಮಿತಿಗೆ ದುಡ್ಡು ಕೊಟ್ಟೋರ ಲಿಸ್ಟು. ಶಿವರಾಮು, ಸ್ಯಾನ್ ಹೊಸೆ, ಪ್ರಾಪರ್ಟಿ ಓನರ್. ನಂಗೊತ್ತಿಲ್ದಿರೋ ಮನೆ ಎಲ್ಲಿದೆ? ಅಲ್ಲಿ ಯಾರಿದಾರೆ?"

"ಅಯ್ಯೋ ಶಿವನೇ! ಯಾರೂ ಇಲ್ಲ ಕಣೇ, ಮನೇನೇ ಇಲ್ಲ!"

ಹೇಮಶ್ರೀ ದನಿ ತಗ್ಗಿಸಿದಳು. "ನೋಡಿ, ಯಾರಿದ್ರೂ ಪರ್ವಾಗಿಲ್ಲ, ಆಮೇಲೆ ನೋಡ್ಕೊಳೋಣ. ಹಿತ್ಲು ಇದ್ಯಾ ಹೇಳಿ."

ಒಳಗಿನಿಂದ ಲಾಸ್ಯಾ ಕೂಗಿದಳು. "ಡ್ಯಾಡ್! ಡು ಐ ಗೆಟ್ ಮೈ ಓನ್ ರೂಮ್?"

ಅವನು ಹಾಲು, ಚಪ್ಪಾಳೆ, ಮುಯ್ಯಿ ಎಲ್ಲ ವಿವರಿಸುವಷ್ಟರಲ್ಲಿ ಬಾಗಿಲು ಬಡಿಯಿತು. ಸಂಯುಕ್ತಾ. ಅಪಾರ್ಟ್‌ಮೆಂಟಿನ ಬಾಡಿಗೆದಾರರ ಸಂಘದ ಅಧ್ಯಕ್ಷೆ. ವಾರವಿಡೀ ಕಂಪನಿಯ ಡೇಟಾ ಜಾಲಾಡಿ, ಶನಿವಾರ ಊರಿನ ಡೇಟಾ ಜಾಲಾಡುವ ಹೆಣ್ಣುಮಗಳು. ಅವಳು ನೇರ ಬಾಲ್ಕನಿಗೆ ನಡೆದು, ಕರಿಬೇವಿಗೆ ಒರಗಿಸಿದ್ದ 'ಬಾಡಿಗೆ ಮಿತಿಗೆ ಮತ ಕೊಡಿ' ಫಲಕ ಕಿತ್ತುಕೊಂಡಳು.

"ಉಂಡ ಮನೆಗೆ ಎರಡು ಬಗೆಯೋದು ಅಂತಾರಲ್ಲ ಶಿವರಾಮು ಅವ್ರೇ, ಅದನ್ನ ಇವತ್ತು ಕಣ್ಣಾರೆ ಕಂಡೆ. ನಮ್ ಮೀಟಿಂಗಲ್ಲಿ ಇಡ್ಲಿ ತಿಂದು, ಅವರ ಮೀಟಿಂಗಿಗೆ ಚಂದಾನಾ? ಕೊಟ್ಟಿರೋದೂ ಶಾಸ್ತ್ರೋಕ್ತವಾಗಿ, ನೂರಾ ಒಂದು!"

"ನನ್ನ ಮಾತು ಕೇಳಮ್ಮ..."

"ಓನರ್‌ಗಳ ಮಾತು ಕೇಳಿ ಕೇಳಿ ಸಾಕಾಗಿದೆ ನಂಗೆ," ಎಂದು ಫಲಕ ಬಗಲಲ್ಲಿಟ್ಟುಕೊಂಡು ಹೊರಟೇಹೋದಳು.

ಶಿವರಾಮು ಅವಳ ಹಿಂದೆ ಮೆಟ್ಟಿಲಿಳಿದ. ಕೆಳಗೆ ಬಿಸಿಲಿಗೆ ಕೂತಿದ್ದ ಅಡಿವೆಪ್ಪ ಅಡ್ಡಗಟ್ಟಿದರು. ಬಾಗಲಕೋಟೆಯಿಂದ ಮಗನ ಮನೆಗೆ ಬಂದ ಹಿರಿಯರು. ಅವರ ಮಗನೂ ಅಲ್ಲೇ ಬಾಡಿಗೆಗಿದ್ದ.

"ಏನ್ರೀ ಸಾಹುಕಾರ್ರ! ಎಷ್ಟ್ ಮನಿ ಅದಾವ್ರಿ?"

"ಒಂದೂ ಇಲ್ಲ ಯಜಮಾನ್ರೇ."

"ಖರೇ ಐತಿ. ಇದ್ದವ್ರು ಹಂಗ ಅಂತಾರ. ಇಲ್ದವ್ರು ಎರಡ್ ಅದಾವ ಅಂತಾರ." ಅಡಿವೆಪ್ಪ ಅವನ ಕೈ ಹಿಡಿದರು. "ನಮ್ ಹುಡುಗಗ ಒಂದು ಸಣ್ಣದು ಬಾಡಿಗಿ ಕೊಡ್ರಿ. ಮುಂಜಾನೆದ್ದು ಕಾಲಿಡಾಕ ಒಂದಿಷ್ಟು ಅಂಗಳ ಇದ್ರ ಸಾಕು ನನಗ."

ಈ ಮುದುಕರಿಗೂ ಅದೇ ರೋಗ ಅಂಟಿದೆಯಲ್ಲ ಎಂದು ಶಿವರಾಮು ಮರುಗಿದ. ಅಷ್ಟರಲ್ಲಿ ಫೋನು. ಕನ್ನಡ ಬಳಗದ ಬಸವಂತಪ್ಪ. "ರಾಜ್ಯೋತ್ಸವದ ಊಟ ಈ ಸಲ ನಿಮ್ಮ ಕಡೆಯಿಂದ ಅಂತ ಕಮಿಟಿ ಡಿಸೈಡ್ ಮಾಡ್ಬಿಟ್ಟಿದೆ ಸರ್. ಬ್ಯಾನರಲ್ಲಿ ನಿಮ್ ಫೋಟೋ ಮೇಲೆ ಹಾಕ್ಸೋಣವಾ, ಕೆಳಗಾ?" ಶಿವರಾಮು ಫೋನಿಟ್ಟ. ಇಟ್ಟ ಕೂಡಲೇ ಮತ್ತೆ ಬಡಿದುಕೊಂಡಿತು. ಈ ಸಲ ಶೇಷಾದ್ರಿಗಳು.

"ಶಿವರಾಮು, ಸಾಯಂಕಾಲ ಬಂದ್ಬಿಡು, ಹೇಮಶ್ರೀನೂ ಕರ್ಕೊಂಡ್ಬಾ. ಲಿಸ್ಟಲ್ಲಿ ನಿನ್ನ ಹೆಸರು ನೋಡಿದೆ. ವಿಕಾಸನೂ ನೋಡಿದಾನೆ. ಮಾತಾಡೋದಿದೆ."

ಮನೆ ಇದ್ದವನಿಗೆ ಮಾರುವುದಿಲ್ಲ ಎಂದಿದ್ದ ಮನುಷ್ಯ! ನಿಂಬೆಗಿಡ, ಹಿತ್ತಲು, ಲಾಸ್ಯಾಳ ರೂಮು ಎಲ್ಲ ಕಣ್ಣೆದುರೇ ಫ್ರೀವೇ ಹತ್ತಿ ಹೊರಟುಹೋದಂತೆ ಕಂಡಿತು. ಒಂದೇ ಉಸಿರಿಗೆ ರಂಜನಿಗೆ ಫೋನು ಹಚ್ಚಿದ.

"ತೊಂಬತ್ತೊಂಬತ್ತು ಅಂದಿದ್ನಲ್ಲ ಸರ್," ಎಂದಳು ಅವಳು.

"ಕೈ ತಪ್ಪಿತು ತಾಯೀ. ಈಗ ಸರಿ ಮಾಡ್ಸು, ನಿನ್ ದಮ್ಮಯ್ಯ."

"ಖಜಾಂಚಿಗೆ ಹೇಳಿ ತಿದ್ದುಪಡಿ ಹಾಕಿಸ್ತೀನಿ. ಉದ್ಯೋಗ ಏನಂತ ಬರೀಲಿ?"

"ಬಾಡಿಗೆದಾರ."

"ಅದು ಉದ್ಯೋಗ ಅಲ್ಲ ಸರ್. ನೀವು ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಯಾವ್ದೋ ಲ್ಯಾಬಲ್ಲಿ..."

"ಇಲ್ಲಿಗೆ ಬಂದಾಗಿಂದ ಅದೊಂದೇ ಉದ್ಯೋಗ ನಂದು! ಲ್ಯಾಬಲ್ಲಿ ದುಡಿಯೋದೂ ಅದಕ್ಕೇ ತಾನೆ?" ಎಂದು ಶಿವರಾಮು ಕೂಗಿದ. ರಂಜನಿಗೂ ಪಾಪ ಅನ್ನಿಸಿ, ಆಯ್ತು ಎಂದಳು.

ಆದರೆ ತಿದ್ದುಪಡಿಯೊಂದನ್ನೇ ನಂಬಿ ಕೂರುವ ಹೊತ್ತಲ್ಲ ಅದು. ಸಾಕ್ಷಿ ಬೇಕಿತ್ತು. ಅವನು ಬಾಡಿಗೆ ಕರಾರಿನ ಕಟ್ಟು ಹೊತ್ತು ಸಂಯುಕ್ತಾಳ ಬಾಗಿಲಿಗೆ ಹೋದ. ಒಂದೊಂದೇ ಕರಾರು, ಒಂದೊಂದೇ ಏರಿಕೆ ತೋರಿಸಿದ. 'ಪ್ರಾಪರ್ಟಿ ಓನರ್' ಎಂದು ಯಾಕೆ ಬರೆದೆ ಎಂಬುದನ್ನು ತಲೆ ತಗ್ಗಿಸಿ ಹೇಳಿದ.

ಸಂಯುಕ್ತಾ ಕರಾರುಗಳನ್ನು ಮತ್ತೊಮ್ಮೆ ತಿರುವಿ ಹಾಕಿದಳು. "ನಾನೂ ಒಂದ್ಸಲ ಮಾರೋಕಿಟ್ಟ ಮನೆಯೊಂದರ ಓಪನ್ ಹೌಸಿಗೆ ಹೋಗಿ, ತಗೊಳೋರ ಥರ ಅಡುಗೆಮನೇಲಿ ನಿಂತಿದ್ದೆ," ಅಂದಳು ಕಡೆಗೆ. "ನಡೀರಿ, ಡಾಕ್ಟ್ರ ಹತ್ರ ನಾನೇ ಹೇಳ್ತೀನಿ."

ಸಂಜೆ ಮೂಲೆಮನೆಗೆ ಒಂದು ಮೆರವಣಿಗೆಯೇ ಹೊರಟಿತು. ಶಿವರಾಮು, ಹೇಮಶ್ರೀ, ಲಾಸ್ಯಾ, ಸಂಯುಕ್ತಾ, ಏನು ಎತ್ತ ತಿಳಿಯದಿದ್ದರೂ ನ್ಯಾಯ ಹೇಳಲು ಸಿದ್ಧರಾದ ಅಡಿವೆಪ್ಪ. ಶೇಷಾದ್ರಿಗಳ ಹೆಂಡತಿ ವೇದವತಿ ನಗುನಗುತ್ತಾ ಬಾಗಿಲು ತೆಗೆದರು. ಊಟದ ಮೇಜಿನ ಮೇಲೆ ಬೆಳ್ಳಿ ತಟ್ಟೆಯೊಂದಕ್ಕೆ ರವಿಕೆ ಕಣ ಮುಚ್ಚಿ ಇಟ್ಟಿದ್ದರು.

"ಬಾರಯ್ಯ ಯಜಮಾನ!" ಎಂದರು ಶೇಷಾದ್ರಿಗಳು.

ಚುಚ್ಚುತ್ತಿದ್ದಾರೆ ಎಂದುಕೊಂಡ ಶಿವರಾಮು ಕೈ ಮುಗಿದ. "ಸಾರ್, ದಯವಿಟ್ಟು ನೀವೊಂದು ಮಾತೂ ಆಡ್ಬೇಡಿ. ಮೊದ್ಲು ನನ್ ಮಾತು ಕೇಳ್ಬಿಡಿ. ಆ ಲಿಸ್ಟಲ್ಲಿರೋದು ಶುದ್ಧ ಸುಳ್ಳು. ನಂಗೆ ಮನೆ ಇಲ್ಲ."

"ಇಲ್ವಾ?"

"ಒಂದು ಗೇಣೂ ಇಲ್ಲ ಸಾರ್."

"ಊರ ಕಡೆ ಏನಾದ್ರೂ ಸೈಟು?"

"ಅದನ್ನೂ ಮಾರಿ ತಂಗಿ ಮದ್ವೆ ಮಾಡಿದ್ದಾಯ್ತು!" ಎಂದು ಹೇಮಶ್ರೀ ಗಂಡನ ನೆರವಿಗೆ ಬಂದಳು. ಸಂಯುಕ್ತಾ ಕರಾರಿನ ಕಟ್ಟನ್ನು ಮೇಜಿನ ಮೇಲೆ ಹರವಿದಳು. "ನೋಡಿ ಅಂಕಲ್, ಹೋದ್ಸಲ ಬಾಡಿಗೆ ಏರಿದಾಗ ಇವರು ಮೀಟಿಂಗಲ್ಲೇ ಅತ್ಬಿಟ್ಟಿದ್ರು." ಅಡಿವೆಪ್ಪ ಮುಂದೆ ಬಂದು ಗಂಟಲು ಸರಿಮಾಡಿಕೊಂಡರು. "ನಾ ಹೇಳ್ತೀನ್ ಕೇಳ್ರಿ ಡಾಕ್ಟರ. ಈ ಮನಷ್ಯಾನ ಕಡೆ ಏನಂದ್ರ ಏನೂ ಇಲ್ಲ. ದೇವರಾಣಿ!" ಲಾಸ್ಯಾ ತನ್ನ ಪಾಲಿಗೆ, "ವಿ ಆರ್ ರಿಯಲಿ ಬ್ರೋಕ್, ತಾತ," ಎಂದು ಸೇರಿಸಿದಳು.

ಒಬ್ಬೊಬ್ಬರು ಮಾತಾಡಿದಂತೆಲ್ಲ ಶೇಷಾದ್ರಿಗಳ ಮುಖ ಇಳಿಯುತ್ತ ಬಂತು. ಕರಗುತ್ತಿದ್ದಾರೆ ಎಂದುಕೊಂಡ ಶಿವರಾಮು ಗೆಲುವಿನಿಂದ ಹೇಮಶ್ರೀಯನ್ನು ನೋಡಿದ. ಎಲ್ಲ ಮುಗಿದ ಮೇಲೆ ಮುದುಕರು ಕುರ್ಚಿಯಲ್ಲಿ ಕುಸಿದು ಕೂತರು.

"ಯಾಕಯ್ಯಾ ಇಷ್ಟು ಜನಾನ ಕಟ್ಕೊಂಡು ಬಂದೆ?" ಎಂದರು. "ವಿಕಾಸ ಇಷ್ಟು ದಿನ ಒಪ್ಪದೇ ಇದ್ದಿದ್ದೇ ಅದಕ್ಕೆ. ಕಂತಿನ ಮೇಲೆ ಕೊಡೋದಾದ್ರೆ ಬೇರೆ ಆಸ್ತಿ ಇರೋರಿಗೆ ಕೊಡಿ, ಬರೀ ಬಾಡಿಗೆದಾರನಿಗೆ ಬೇಡ ಅಂತ ಹಟ ಹಿಡಿದಿದ್ದ. ಬೆಳಗ್ಗೆ ಅವನೇ ಆ ಲಿಸ್ಟು ನೋಡಿ ಫೋನ್ ಮಾಡ್ದ. ಅಪ್ಪಾ, ಶಿವರಾಮುಗೆ ಆಸ್ತಿ ಇದೆ, ಧೈರ್ಯವಾಗಿ ಕೊಡಿ ಅಂದ. ಊರ ಕಡೆ ಏನೋ ಸಣ್ಣದಿರಬೇಕು, ಇದ್ರೆ ಇರ್ಲಿ ಅಂತ ನಾನು ಖುಷೀಲಿ ಮಧ್ಯಾಹ್ನ ಊಟಾನೂ ಮಾಡ್ಲಿಲ್ಲ. ನೀನೊಂದು ಐದು ನಿಮಿಷ ಬಾಯಿ ಮುಚ್ಕೊಂಡಿದ್ದಿದ್ರೆ..."

ಮೇಜಿನ ಮೇಲೆ ಹರವಿದ್ದ ಕರಾರುಗಳನ್ನು ಸಂಯುಕ್ತಾ ಮೆಲ್ಲಗೆ ಮಡಚತೊಡಗಿದಳು.

"ಈಗ್ಲೂ... ಅವನಿಗೆ ಹೇಳ್ದೇ ಇದ್ರೆ ಆಗಲ್ವಾ ಸಾರ್?" ಶಿವರಾಮುವಿನ ದನಿ ಅವನಿಗೇ ಕೇಳಿಸಲಿಲ್ಲ.

"ಗೊತ್ತಾದ ಮೇಲೆ ಮಗನಿಗೆ ಸುಳ್ಳು ಹೇಳಿ ರುಜು ಹಾಕಿಸ್ಲಾ?"

ವೇದವತಿ ತಟ್ಟೆಯ ಮೇಲಿನ ರವಿಕೆ ಕಣ ಸರಿಸಿದರು. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ನಡುವೆ ಕುಂಕುಮ ಹಚ್ಚಿದ ಬೀಗದ ಕೈ. "ನಿಂಬೆಗಿಡದ ಪಕ್ಕ ಗುಂಡಿನೂ ತೋಡ್ಸಿದ್ವಿ ಕಣಮ್ಮ, ನಿಮ್ ಕರಿಬೇವಿಗೆ ಅಂತ," ಎಂದು ಹೇಮಶ್ರೀಗೆ ಹೇಳುತ್ತ ಆ ಬೀಗದ ಕೈ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಬಾಯಿ ತುಂಬ ನಕ್ಕು ಒಳಕರೆದವರನ್ನು ತಾಂಬೂಲವಿಲ್ಲದೆ ಕಳಿಸಲು ಅವರಿಗೆ ಮನಸ್ಸಾಗಲಿಲ್ಲ. ಬೀಗದ ಕೈಯಿದ್ದ ಜಾಗ ಖಾಲಿ ಬಿಡಬಾರದೆಂದು ಪರ್ಸು ತಡಕಿ ಒಂದು ಡಾಲರಿನ ನೋಟು ಇಟ್ಟು, ತಟ್ಟೆಯಲ್ಲಿದ್ದುದನ್ನು ಹೇಮಶ್ರೀಯ ಸೆರಗಿಗೆ ಹಾಕಿದರು.

ಹೊರಡುವ ಮುಂಚೆ ಶಿವರಾಮು ಹಿತ್ತಲಿಗೆ ಹೋಗಿ ಗುಂಡಿ ನೋಡಿಕೊಂಡು ಬಂದ. ಒಳ್ಳೆಯ ಕಪ್ಪು ಮಣ್ಣು. ಒಂದು ಹಿಡಿ ಮೂಸಿ, ಅಲ್ಲೇ ಹಾಕಿ, ಕೈ ಕೊಡವಿಕೊಂಡ.

ದಾರಿಯಲ್ಲಿ ಫೋನು ಟಿಂಗ್ ಎಂದಿತು. ರಂಜನಿಯ ಮೆಸೇಜು. "ಕಂಗ್ರಾಟ್ಸ್ ಸರ್, ತಿದ್ದುಪಡಿ ಆಯ್ತು! ಈಗ ಯಾರು ನೋಡಿದ್ರೂ ನೀವು ಬಾಡಿಗೆದಾರ ಅಂತಾನೇ ಕಾಣುತ್ತೆ." ಅಡಿವೆಪ್ಪ ಅವನ ಹೆಗಲ ಮೇಲೆ ಕೈಯಿಟ್ಟು, "ನಾ ಮುಂಜಾನೇನ ಹೇಳಿದ್ನಿಲ್ರಿ? ಇಲ್ದವ್ರು ಎರಡ್ ಅದಾವ ಅನ್ನಬೇಕ್ರಿ," ಎಂದರು.

ಮನೆ ಸೇರಿದ ಮೇಲೆ ಬಾಲ್ಕನಿಯಲ್ಲಿ ಕರಿಬೇವಿನ ಬೇರಿನ ಮೇಲೆ ನೀರು ಸುರಿಯುತ್ತ ನಿಂತವನ ಬಳಿ ಬಂದು ಹೇಮಶ್ರೀ ಸೆರಗಿನ ಗಂಟು ಬಿಚ್ಚಿ, ಆ ಒಂದು ಡಾಲರನ್ನು ಅವನ ಅಂಗೈಯಲ್ಲಿಟ್ಟಳು.

"ತಗೊಳ್ಳಿ," ಎಂದಳು. "ನೂರು ಹೋಯ್ತು. ಮೇಲಿನ ಒಂದು ವಾಪಸ್ ಬಂತು."