ಮಂತ್ರಿಗಳ ತಲೆಯ ಮೇಲೆ ಬೂಟು

ಗಂಡ ಹೆಂಡಿರ ಜಗಳದಲ್ಲಿ ಗುಮಾಸ್ತೆ ಬಡವಾದ ಅಂತ ಗಾದೆ. ಏನು, ಕೂಸು ಅಂತೀರಾ? ಹಾಗಾದರೆ ನೀವು ಜಪಾನಿಯರ ಕಾಲದ ರಂಗೂನಿನಲ್ಲಿ ಗುಮಾಸ್ತಿಕೆ ಮಾಡಿದವರಲ್ಲ ಬಿಡಿ. ಇದು ನಡೆದ ಕತೆ. ಸುಳ್ಳಾದರೆ ನಮ್ಮ ಮನೆಯ ಚಹಾ ಎಲೆಯ ಉಪ್ಪಿನಕಾಯಿಗೆ ಬೂಷ್ಟು ಹಿಡಿಯಲಿ.

ಜಗಳಕ್ಕೆ ಮೂಲ ಒಂದು ಜೊತೆ ಬೂಟು. ಬರ್ಮಾಕ್ಕೆ ಜಪಾನಿಯರೇ ಸ್ವಾತಂತ್ರ್ಯ ಕೊಟ್ಟು ಕೂರಿಸಿದ ಕೃಷಿ ಮಂತ್ರಿ ಊ ಪೋ ಚಿಟ್ ಅವರ ಕಚೇರಿ ಇದ್ದದ್ದು ಕೆಳಗೆ. ಅದರ ನೆತ್ತಿಯ ಮೇಲಿನ ಕೋಣೆಗೆ ಜಪಾನಿ ಸೇನೆಯ ಕರ್ನಲ್ ಕುರೋಸೆ ಬಂದು ಕೂತ. ಬರ್ಮಾದ ಗಂಡಸಿನ ತಲೆಯ ಮೇಲೆ ಇನ್ನೊಬ್ಬರ ಕಾಲು ಓಡಾಡಿದರೆ ಮಾನವೂ ಹೋಯಿತು, ಪುಣ್ಯವೂ ಹೋಯಿತು. ಇಲ್ಲಂತೂ ತೇಗದ ಹಲಗೆಯ ಸಂದಿಯಿಂದ ಬೂಟಿನ ಧೂಳು, ಹಪ್ಪಳಕ್ಕೆ ಹಿಟ್ಟು ಉದುರಿಸಿದ ಹಾಗೆ, ಮಂತ್ರಿಗಳ ರೇಷ್ಮೆ ರುಮಾಲಿಗೇ ಬೀಳುತ್ತಿತ್ತು.

"ಸ್ವತಂತ್ರ ದೇಶದ ಮಂತ್ರಿ ಕಣೋ ನಾನು! ಅವನು ಇಳಿಯೋ ತನಕ ನಾನು ಒಳಗೆ ಕಾಲಿಡಲ್ಲ. ಹೋಗಿ ಹೇಳು," ಎಂದು ಮಂತ್ರಿಗಳು ಅಂಗಳದ ಬಾದಾಮಿ ಮರದಡಿ ಕುರ್ಚಿ ಹಾಕಿಸಿಕೊಂಡರು. ಅಲ್ಲೂ ತಲೆಯ ಮೇಲೆ ಕಾಗೆ ಕೂತಿತ್ತು. ಆದರೆ ಕಾಗೆ ಬೂಟು ಹಾಕಿರಲಿಲ್ಲ.

ಹೇಳಬೇಕಾದವನು ಗುಮಾಸ್ತೆ ಕೋ ತಾ ಡುನ್. ಮೇಲೆ ಕುರೋಸೆ ಹೊಸದಾಗಿ ಕಲಿತ ಬರ್ಮೀ ಮಾತನ್ನು ಕತ್ತಿಯಂತೆ ಬೀಸಿದ.

"ಮಂತ್ರಿ ಎಲ್ಲಿ? ಮರ ಕೆಳಗೆ! ಮಂತ್ರಿ ಕೋತಿಯಾ? ಭತ್ತದ ಮಾತು ಇದೆ. ಮಧ್ಯಾಹ್ನ ಮಂತ್ರಿ ಒಳಗೆ ಇಲ್ಲ, ನೀನು ಊರಲ್ಲಿ ಇಲ್ಲ. ರೈಲು ದಾರಿಗೆ!"

ರೈಲು ದಾರಿಯ ಕೂಲಿಗೆಂದು ಸಯಾಮಿನ ಕಾಡಿಗೆ ಹೋದವರಲ್ಲಿ ಕೋ ತಾ ಡುನ್‌ನ ಬೀದಿಗೆ ಒಬ್ಬರೂ ಮರಳಿರಲಿಲ್ಲ. "ಬೂಟು ಬಿಚ್ಚಿ ಓಡಾಡಿದ್ರೆ ಆಗಲ್ವಾ ಮಾಸ್ಟರ್?" ಎಂದು ತೊದಲಿದ. ಉತ್ತರ ಕೆನ್ನೆಗೆ ಬಿತ್ತು.

ಕೆನ್ನೆ ಹಿಡಿದು ಇಳಿದು ಬಂದ. "ಸಯಾ, ದೊಡ್ಡವರೇ, ಒಳಗೆ ಕೊಡೆ ಬಿಚ್ಚಿಕೊಂಡು ಕೂತರೆ ಹೇಗೆ?"

"ನಿನ್ನ ನಾನೇ ರೈಲಿಗೆ ಕಳಿಸ್ತೀನಿ!" ಮಂತ್ರಿಗಳು ಗುಡುಗಿದರು.

ಮುದಿ ಜವಾನ ಊ ಶ್ವೇ ತನ್ನ ಚುಟ್ಟ ಜಗ್ಗುತ್ತಾ ಗುಮಾಸ್ತೆಯನ್ನು ಕೇಳಿದ: "ಹೋಗೋವಾಗ ಆ ಚಪ್ಪಲಿ ನಂಗೆ ಬಿಟ್ಟು ಹೋಗ್ತೀಯೇನೋ? ಕಾಡಲ್ಲಿ ಅದ್ಯಾತಕ್ಕೆ?"

"ಬಾಯಿ ಮುಚ್ಚು ಮಾವ! ಸಾಯೋ ಮುಂಚೆ ಶ್ರಾದ್ಧ ಮಾಡ್ಬೇಡ."

ಬಿಸಿಲು ನೆತ್ತಿಗೇರುತ್ತಿತ್ತು. ಕೋ ತಾ ಡುನ್ ಮರಕ್ಕೂ ಮೆಟ್ಟಿಲಿಗೂ ನಡುವೆ ನಿಂತ. ಆಕಾಶದ ಕಡೆ ಕೈಮುಗಿದವನಿಗೆ ಆಕಾಶದಿಂದಲೇ ಉಪಾಯ ಹೊಳೆಯಿತು. ಮತ್ತೆ ಮೇಲೆ ಓಡಿದ.

"ಮಾಸ್ಟರ್, ಇಂಗ್ಲಿಷರ ಬಾಂಬು ಮೊದಲು ಬೀಳೋದು ಮಹಡಿ ಮೇಲೆ. ಕೆಳಗಿರೋರಿಗೆ ಮಹಡಿಯೇ ಗುರಾಣಿ. ನಮ್ಮ ಮಂತ್ರಿಗಳು ಕೆಳಗಡೆ ಕೋಣೆ ಯಾಕೆ ಹಿಡಿದ್ರು ಅಂತೀರಿ? ಮಹಾ ಜಾಣರು!"

ಕುರೋಸೆ ಸೂರು ನೋಡಿದ. "ಜಪಾನಿ ಸಿಪಾಯಿ ಹೆದರೋದಿಲ್ಲ!" ಎಂದ. ಇನ್ನೊಮ್ಮೆ ಸೂರು ನೋಡಿದ. ಮಧ್ಯಾಹ್ನದೊಳಗೆ ಅವನ ಮೇಜು ಕೆಳಗಿಳಿದು ಮಂತ್ರಿಗಳ ಮೇಜಿನ ಪಕ್ಕ ಕೂತಿತ್ತು. "ಮಂತ್ರಿಗೆ ಗೌರವ," ಎಂದು ಕುರೋಸೆ ಬಾಗಿದ.

ಮಂತ್ರಿಗಳು ಮದುಮಗನ ಹಾಗೆ ಒಳಬಂದರು. "ಭಲೇ! ಈಗ ನನ್ನ ಕುರ್ಚಿ ಮೇಲಕ್ಕೆ ಹೊರಿಸು. ಅವನ ನೆತ್ತಿ ಮೇಲೆ ನಾನು ಕೂರ್ತೀನಿ," ಎಂದು ಪಿಸುಗುಟ್ಟಿ, ಮೆಟ್ಟಿಲಿಗೆ ಒಂದು ಕಾಲಿಟ್ಟು ಕೇಳಿದರು: "ಅಂದಹಾಗೆ, ಹೇಗೋ ಇಳಿಸಿದೆ?"

ಗುಮಾಸ್ತೆ ಬಾಂಬಿನ ಮಾತನ್ನು ಹೆಮ್ಮೆಯಿಂದ ಹೇಳಿದ. ಮಂತ್ರಿಗಳ ಕಾಲು ಮೆಟ್ಟಿಲಿನಿಂದ ತಾನಾಗಿಯೇ ಕೆಳಗೆ ಬಂತು. "ಬೇಡ ಬಿಡು. ಅತಿಥಿಯನ್ನ ಒಬ್ಬನೇ ಬಿಡಬಾರದು."

ಅಷ್ಟರಲ್ಲಿ ಕುರೋಸೆ ಕೋ ತಾ ಡುನ್‌ನ ಭುಜ ತಟ್ಟಿದ. "ಬುದ್ಧಿವಂತ ಗುಮಾಸ್ತೆ! ಮೇಲೆ ಖಾಲಿ. ನೀನು ಮೇಲೆ ಕೂರು. ವಿಮಾನ ನೋಡು, ಗಂಟೆ ಹೊಡಿ. ದಿನಾ!"

ಕೋ ತಾ ಡುನ್ ಮಂತ್ರಿಗಳ ಕಡೆ ತಿರುಗಿ ಅಂಗಲಾಚಿದ. "ಸಯಾ! ನಿಮ್ಮ ತಲೆ ಮೇಲೆ ನನ್ನ ಕಾಲು? ಮಹಾ ಪಾಪ!"

ಮಂತ್ರಿಗಳು ಗಂಭೀರವಾಗಿ ಯೋಚಿಸಿದರು. ಆಮೇಲೆ ಮೊಟ್ಟಮೊದಲ ಬಾರಿಗೆ ಸೇನೆಗೂ ಸರ್ಕಾರಕ್ಕೂ ಒಮ್ಮತವಾಯಿತು. "ಮೇಲೆ ನಡುವೆ ಸುಣ್ಣದ ಗೆರೆ ಎಳ್ಕೋ," ಎಂದು ಕಿವಿಯಲ್ಲಿ ಉಸುರಿದರು. "ನನ್ನ ಅರ್ಧಕ್ಕೆ ಬಂದೀಯ, ಜೋಕೆ! ಅವನ ಅರ್ಧದಲ್ಲಿ ಬೇಕಾದ್ರೆ ಕುಣಿ."

ಮೇಲೆ ಗೆರೆಯ ಆಚೆ ಕೋ ತಾ ಡುನ್ ಗಂಟೆ ಹಿಡಿದು ನಿಂತ. ದೂರದಲ್ಲೆಲ್ಲೋ ಲಾರಿ ಗುರ್ ಎಂದಿತು. ಅವನ ಮೊಣಕಾಲು ನಡುಗಿ, ಹಲಗೆ ಕಟಕಟ ಕುಟ್ಟಿತು, ಸರಿಯಾಗಿ ಕುರೋಸೆಯ ನೆತ್ತಿಯ ಮೇಲೆ.

ಕೆಳಗೆ ಮಂತ್ರಿಗಳು ಮೀಸೆಯಲ್ಲೇ ನಕ್ಕರು. ಊ ಶ್ವೇ ಚುಟ್ಟ ಉಗಿದು ನಕ್ಕ. ಇಡೀ ಕಚೇರಿ ನಕ್ಕಿತು.

ಕುರೋಸೆ ಮಾಳಿಗೆಯತ್ತ ಬೆರಳು ತೋರಿಸಿ, "ಹೆದರುಪುಕ್ಕಲ! ಹೆದರುಪುಕ್ಕಲ!" ಎನ್ನುತ್ತಾ, ಎಲ್ಲರಿಗಿಂತ ಜೋರಾಗಿ, ಹೊಟ್ಟೆ ಹಿಡಿದುಕೊಂಡು ನಕ್ಕ.