ಘಾನಾದ ಮಾವನೊಟ್ಟಿಗೆ ಕತಾರಿನಿಂದ ಪಂಚಾತಿಕೆ

ಬೇರೆಯವರ ಬಸ್ಸು ಡೀಸೆಲಿನಲ್ಲಿ ಓಡ್ತದೆ, ನನ್ನದು ಪಂಚಾತಿಕೆಯಲ್ಲಿ. ಒಂದು ದಿನವಾದರೂ ಸುಮ್ಮನೆ ಹೋಗಿ ಸುಮ್ಮನೆ ಬಂದೆ ಅಂತ ಇಲ್ಲ ಮಾರಾಯ್ರೆ. ಕತಾರಿಗೆ ಬಂದು ನನ್ನ ಮಂಡೆ ಬೆಳ್ಳಗಾಯ್ತು. ಸೆಕ್ಯೂರಿಟಿ ಗಾರ್ಡುಗಳನ್ನು ಕ್ಯಾಂಪಿನಲ್ಲಿ ಹತ್ತಿಸುವುದು, ವೆಸ್ಟ್ ಬೇ, ಲುಸೈಲ್ ಅಂತ ಇಳಿಸುವುದು, ಪುನಃ ತುಂಬಿಸಿಕೊಂಡು ಬರುವುದು, ಇದೇ ಕೆಲಸ. ಶಾಲೆಗೆ ಹೆಚ್ಚು ಹೋಗ್ಲಿಲ್ಲ. ಮಾಸ್ಟ್ರು ಹೊಡೆದರು, ನಾನು ಓಡಿದೆ, ಅಷ್ಟೆ. ಆದ್ರೆ ನನ್ನ ಹಾಗೆ ಬಸ್ಸು ರಿವರ್ಸ್ ತೆಗೆಯುವ ಜನ ಈ ದೋಹಾದಲ್ಲಿ ಇನ್ನೂ ಹುಟ್ಟಲಿಲ್ಲ. ಬೇಕಾದರೆ ಯಾರನ್ನಾದರೂ ಕೇಳಿ.

ಈಗ ಹೇಳುವುದು ಆಫ್ರಿಕಾದ ಘಾನಾ ದೇಶದ ಇಬ್ಬರು ಗಾರ್ಡುಗಳ ವಿಷಯ. ಒಬ್ಬ ಉದ್ದದವ, ಬಸ್ಸಿನ ಬಾಗಿಲಲ್ಲಿ ಬಗ್ಗದಿದ್ದರೆ ಹಣೆ ಒಡೀತದೆ. ಇನ್ನೊಬ್ಬ ಕನ್ನಡಕದವ, ಬಾಯಿಗೆ ಬ್ರೇಕಿಲ್ಲ. ಉದ್ದದವನ ಊರಲ್ಲಿ ಹೊಳೆ ಬದಿಗೆ ಕುಟುಂಬದ ಕೊಕ್ಕೊ ತೋಟ ಉಂಟು. ಚಾಕಲೇಟು ಮಾಡುವ ಕೊಕ್ಕೊ. ಇವನ ಅಮ್ಮ ಅದನ್ನು ನೋಡಿಕೊಂಡು ಇದ್ದಾಳೆ. ಆ ಹೊಳೆಗೆ ಈಗ ಚಿನ್ನ ತೋಡುವವರು ಬಂದಿದ್ದಾರೆ. ಲೈಸೆನ್ಸ್ ಇಲ್ಲ, ಕೇಳುವವರಿಲ್ಲ, ಮಿಷನ್ ತಂದು ದಂಡೆ ಬಗೆಯುವುದು. ಹೊಳೆ ಮುಗಿಸಿ ಈಗ ತೋಟದ ಮೇಲೆ ಕಣ್ಣು ಹಾಕಿದ್ದಾರೆ. ಇವನು ಇಲ್ಲಿ ಬಿಸಿಲಿಗೆ ನಿಂತು ಬೇಯುವುದೇ ಒಂದು ದಿನ ಆ ತೋಟಕ್ಕೆ ವಾಪಸ್ ಹೋಗ್ಲಿಕ್ಕೆ. ತೋಟವೇ ಹೋದರೆ ಅಮ್ಮ ಎಲ್ಲಿಗೆ, ಇವನು ಎಲ್ಲಿಗೆ?

ಎರಡು ಪಕ್ಷ, ಒಂದು ಬಸ್ಸು

ಅವರ ಊರಲ್ಲಿ ಇಲೆಕ್ಷನ್ ಬಂತು. ಉದ್ದದವ ಒಂದು ಪಕ್ಷ, ಕನ್ನಡಕದವ ಅದರ ಎದುರು ಪಕ್ಷ. ಇಬ್ಬರೂ ನನ್ನ ಬಸ್ಸಲ್ಲಿ ಕೂತಿದ್ದಾರೆ, ಊರಿಗೆ ಹೋಗಿ ವೋಟು ಹಾಕುವ ಹಾಗಿಲ್ಲ. ಆದ್ರೆ ಬೊಬ್ಬೆ ಕೇಳಿದರೆ ಇವರಿಬ್ಬರೇ ಕ್ಯಾಂಡಿಡೇಟು ಅಂತ ಕಾಣ್ಬೇಕು.

"ನಿಮ್ಮವರು ಇರುವಾಗ ಕರೆಂಟ್ ಇತ್ತಾ?"

"ನಿಮ್ಮವರು ಬಂದಾಗ ಇತ್ತಾ?"

ಕರೆಂಟ್ ಹೋಗಿ ಬಂದು ಮಾಡುವುದಕ್ಕೆ ಅವರಲ್ಲಿ ಒಂದು ಹೆಸರೇ ಉಂಟು, ದುಮ್ಸೋರ್ ಅಂತ. ನಾವು ಅಷ್ಟು ಮುಂದುವರಿಯಲಿಲ್ಲ, ನಮ್ಮಲ್ಲಿ ಬರೇ ಬೈಗುಳ.

"ಹೊಳೆಯಲ್ಲಿ ಚಿನ್ನ ತೋಡುವುದನ್ನು ನಮ್ಮವರು ನಿಲ್ಲಿಸ್ತೇವೆ ಅಂತ ಹೇಳಿದ್ದಾರೆ" ಅಂತ ಒಬ್ಬ. "ನಮ್ಮವರು ಅದಕ್ಕಿಂತ ಮೊದಲೇ ಹೇಳಿದ್ದಾರೆ" ಅಂತ ಇನ್ನೊಬ್ಬ.

ನಾನು ಕನ್ನಡಿಯಲ್ಲಿ ನೋಡಿ ಕೇಳಿದೆ, "ಹೇಳಿದ್ದು ಸರಿ. ನಿಲ್ಲಿಸಿದ್ದು ಯಾರು?"

ಇಬ್ಬರೂ ಕಿಟಕಿ ಹೊರಗೆ ನೋಡಿದ್ರು. ಹೊರಗೆ ನೋಡ್ಲಿಕ್ಕೆ ಮರಳು ಬಿಟ್ಟರೆ ಏನಿತ್ತು?

ಕನ್ನಡಕದವನ ಪಕ್ಷ ಗೆದ್ದಿತು. ಆಮೇಲೂ ಜಗಳ ಮುಗಿಯಲಿಲ್ಲ. ಬೇಸಿಗೆ ಬಂತು, ಅದೇ ರಾಗ. ನಾನು ಸಾಕಾಗಿ ಹೋದವ. ಹೀಗಿರುವಾಗ ಒಂದು ದಿನ ಲುಸೈಲ್ ರಸ್ತೆಯಲ್ಲಿ ಬಸ್ಸಿನ ಎಸಿ ಕೆಟ್ಟಿತು. ಕಿಟಕಿ ತೆರೆದರೆ ಒಲೆ, ಮುಚ್ಚಿದರೆ ಕುಕ್ಕರ್.

ಉದ್ದದವ ಎದ್ದ. "ಎಸಿ ಮೊನ್ನೆಯೇ ಶಬ್ದ ಮಾಡ್ತಿತ್ತು, ಅಂಕಲ್ ನೋಡ್ಲೇ ಇಲ್ಲ" ಅಂದ. ಕನ್ನಡಕದವ ಅವನ ಹೆಗಲಿಗೆ ಕೈ ಹಾಕಿ, "ಸತ್ಯ ಬ್ರದರ್, ಡ್ರೈವರ್ ಬದಲಾಗ್ಬೇಕು" ಅಂದ. ಹಿಂದಿನಿಂದ ಎಲ್ಲರೂ ಚಪ್ಪಾಳೆ.

ಅಷ್ಟು ದೊಡ್ಡ ದೇಶದಲ್ಲಿ ಒಂದಾಗದ ಎರಡು ಪಕ್ಷ ಕೊನೆಗೆ ಒಂದಾದದ್ದು ನನ್ನ ಸರ್ಕಾರ ಬೀಳಿಸ್ಲಿಕ್ಕೆ.

ಚಿನ್ನದ ಅಂಗಡಿ ಬಾಗಿಲು

ಉದ್ದದವನ ಡ್ಯೂಟಿ ಎಲ್ಲಿ ಅಂತ ಕೇಳಿದರೆ ನೀವು ನಗ್ತೀರಿ. ವೆಸ್ಟ್ ಬೇಯ ಮಾಲಿನಲ್ಲಿ, ಚಿನ್ನದ ಅಂಗಡಿಯ ಬಾಗಿಲಲ್ಲಿ.

ಒಂದು ದಿನ ಬಸ್ಸಲ್ಲಿ ಮೊಬೈಲು ತಂದು ನನ್ನ ಮುಖದೆದುರು ಹಿಡಿದ. ನೋಡಿದ್ರೆ ಒಳ್ಳೆ ಹಾಲು ಹಾಕಿದ ಚಾದ ಬಣ್ಣ.

"ನಮ್ಮ ಹೊಳೆ" ಅಂದ.

"ಮಳೆಗಾಲದಲ್ಲಿ ಹಾಗೇ ಮಾರಾಯ. ನಮ್ಮ ಹೊಳೆಯೂ ಕೆಂಪಾಗ್ತದೆ."

"ಮಳೆ ಇಲ್ಲ ಅಂಕಲ್. ಇದು ಬಿಸಿಲುಗಾಲದ ಫೋಟೊ. ಸಣ್ಣದಿರುವಾಗ ನಾವು ಕುಡಿಯುವ ನೀರು ಇದರಿಂದಲೇ ತರ್ತಿದ್ದೆವು. ಈಗ ಅಮ್ಮ ಪ್ಯಾಕೆಟ್ ನೀರು ತಗೊಳ್ತಾಳೆ."

ನಾನು ಫೋಟೊ ದೊಡ್ಡ ಮಾಡಿ ಪುನಃ ನೋಡಿದೆ.

ಅದಾದ ಮೇಲೆ ನನ್ನ ಮಗಳ ಮದುವೆ ಬಂತು. ಚಿನ್ನಕ್ಕೆ ಬೇರೆ ಕಡೆ ಯಾಕೆ ಹೋಗುವುದು, ನಮ್ಮ ಜನ ಬಾಗಿಲಲ್ಲಿ ಇರುವಾಗ ಅಂತ ಅದೇ ಅಂಗಡಿಗೆ ಹೋದೆ. ಉದ್ದದವ ಸೆಲ್ಯೂಟ್ ಹೊಡೆದು ಬಾಗಿಲು ತೆರೆದ. ಒಳಗೆ ನಾನು ಮಾಡಿದ ರೇಟಿನ ಚರ್ಚೆ ನೀವು ನೋಡ್ಬೇಕಿತ್ತು. ಸೇಲ್ಸ್‌ಮನ್ ಬೆವರು ಒರಸಿಕೊಂಡ. ಕೊನೆಗೆ ಬಳೆಯ ಡಬ್ಬಿ ಹಿಡಿದು ಎದೆ ಉಬ್ಬಿಸಿ ಹೊರಗೆ ಬಂದೆ.

"ಹೇಗುಂಟು?" ಅಂತ ತೆರೆದು ತೋರಿಸಿದೆ.

ಅವನು ಬಗ್ಗಿ ನೋಡಿದ. "ಚಂದ ಉಂಟು ಅಂಕಲ್" ಅಂದ. ಆಮೇಲೆ ಬಾಗಿಲು ಹಿಡಿದುಕೊಂಡೇ, "ನಮ್ಮ ಹೊಳೆ ತಗೊಂಡು ಹೋಗ್ತಿದ್ದೀರಿ, ಬಿಲ್ಲು ಜಾಗ್ರತೆ. ನಾಳೆ ಅದರಲ್ಲಿ ಮೀನು ಇಲ್ಲ ಅಂತ ವಾಪಸ್ ತಂದರೆ ಅಂಗಡಿಯವರು ತಗೊಳ್ಳುವುದಿಲ್ಲ" ಅಂದ.

ಅರ್ಜೆಂಟಿಲ್ಲದ ಸಾವು

ಉದ್ದದವನ ಕುಟುಂಬದ ಯಜಮಾನ, ಒಬ್ಬ ಮುದುಕಜ್ಜ, ತೀರಿಕೊಂಡ. ಇವನು ಎಮರ್ಜೆನ್ಸಿ ಲೀವು ಕೇಳ್ಲಿಕ್ಕೆ ಆಫೀಸಿಗೆ ಹೋದ. ಅಲ್ಲಿ ಕ್ಲರ್ಕು ನಮ್ಮ ಉಡುಪಿ ಕಡೆಯ ಹುಡುಗ. ಅವನಿಗೆ ಇವನ ಇಂಗ್ಲಿಷ್ ಅರ್ಥ ಆಗಲಿಲ್ಲ ಅಂತ ನನ್ನನ್ನು ಕರೆದರು. ನನ್ನ ಇಂಗ್ಲಿಷ್ ಎಲ್ಲರಿಗೂ ಅರ್ಥ ಆಗ್ತದೆ, ಯಾಕೆಂದರೆ ನಾನು ಗ್ರಾಮರ್ ಹಾಕಿ ಅದನ್ನು ಹಾಳು ಮಾಡುವುದಿಲ್ಲ.

"ಅಂಕಲ್, ತೀರಿಕೊಂಡದ್ದು ಯಾವಾಗ ಕೇಳಿ" ಅಂದ ಕ್ಲರ್ಕು.

ಕೇಳಿದೆ. "ಈಸ್ಟರಿಗಿಂತ ಮೊದಲು" ಅಂದ.

ಕ್ಲರ್ಕು ಪೆನ್ನು ಕೆಳಗಿಟ್ಟ. "ಈಸ್ಟರ್ ಮುಗಿದು ಎಷ್ಟು ಕಾಲ ಆಯ್ತು! ಈಗ ಎಂತ ಎಮರ್ಜೆನ್ಸಿ?"

ಉದ್ದದವ ಸಮಾಧಾನದಲ್ಲಿ ವಿವರಿಸಿದ. ಅವರಲ್ಲಿ ಸತ್ತ ಕೂಡಲೆ ಹೂಳುವುದಿಲ್ಲವಂತೆ. ಶವ ಫ್ರೀಜರಿನಲ್ಲಿ ಇಟ್ಟು, ದೊಡ್ಡ ದೊಡ್ಡ ಫೋಟೊ ಹಾಕಿ, ಎಲ್ಲರಿಗೂ ಒಂದೇ ನಮೂನೆ ಬಟ್ಟೆ ಹೊಲಿಸಿ, ಬ್ಯಾಂಡು, ಪೆಂಡಾಲು ಎಲ್ಲ ಆದ ಮೇಲೆ ಹೂಳುವ ಕೆಲಸ. ಸಣ್ಣದಾಗಿ ಮಾಡಿದರೆ ಕುಟುಂಬದ ಮರ್ಯಾದೆ ಹೋಯ್ತು. ಖರ್ಚಿಗೆ ಹೊರದೇಶದಲ್ಲಿ ಇರುವವರ ಮುಖ ನೋಡುವುದು. ನಾನು ಅದನ್ನೆಲ್ಲ ಕ್ಲರ್ಕಿಗೆ ದಾಟಿಸಿದೆ.

"ಅಂದ್ರೆ ಅರ್ಜೆಂಟು ಯಾರಿಗೆ?" ಅಂತ ಕ್ಲರ್ಕು.

"ಅಜ್ಜನಿಗೆ ಅರ್ಜೆಂಟಿಲ್ಲ ಸರ್. ಅವರು ಎಸಿಯಲ್ಲಿ ಆರಾಮ ಇದ್ದಾರೆ. ಕಷ್ಟದಲ್ಲಿ ಇರುವುದು ನಾವು" ಅಂದ ಉದ್ದದವ.

ಲೀವು ಮಾಫಿ, ಅರಬಿಯಲ್ಲಿ ಇಲ್ಲ ಅಂತ. ಖಲಾಸ್. ಹೊರಗೆ ಬಂದು ಉದ್ದದವ ಬಸ್ಸಿನ ಮೆಟ್ಟಿಲಲ್ಲಿ ಕೂತ. ವಿಷಯ ಲೀವಿನದ್ದಲ್ಲ ಅಂದ. ಅಜ್ಜ ಹೋದ ಮೇಲೆ ಈಗ ಯಜಮಾನ ಇವನ ಸೋದರಮಾವ, ಅಮ್ಮನ ಅಣ್ಣ. ಚಿನ್ನದವರು ಆ ಮಾವನ ಹತ್ತಿರ, "ಅಜ್ಜನ ಕೆಲಸ ನಾವು ಅದ್ದೂರಿ ಮಾಡಿ ಕೊಡ್ತೇವೆ, ತೋಟ ನಮಗೆ ಬಿಡಿ" ಅಂದಿದ್ದಾರಂತೆ. ಮಾವ ಆಗಲೇ ಬ್ಯಾಂಡಿನವರ ಹತ್ತಿರ ಮಾತಾಡ್ಲಿಕ್ಕೆ ಹೋಗಿದ್ದಾನೆ.

ನಾನು ಗೆದ್ದ ಕೇಸು

ಮರುದಿನ ಬಸ್ಸಲ್ಲಿ ಇದೇ ಸುದ್ದಿ. ಒಬ್ಬ ಮಲಯಾಳಿ ಗಾರ್ಡು ಕೇಳಿದ, "ಅಪ್ಪನ ಜಾಗ ಅಲ್ವಾ? ಮಾವನಿಗೆ ಎಂತ ಅಧಿಕಾರ?"

"ನಮ್ಮಲ್ಲಿ ಅಪ್ಪನದ್ದು ಅಪ್ಪನ ಅಕ್ಕತಂಗಿಯರ ಮಕ್ಕಳಿಗೆ. ನನಗೆ ಬರುವುದು ಅಮ್ಮನ ಕುಟುಂಬದ್ದು" ಅಂದ ಉದ್ದದವ.

ಇಡೀ ಬಸ್ಸು ನಕ್ಕಿತು. ನಾನು ಬ್ರೇಕ್ ಹಾಕಿದೆ. "ನಗುವುದು ಎಂತಕ್ಕೆ? ಅದು ನಮ್ಮ ತುಳುನಾಡಿನ ಅಳಿಯಕಟ್ಟು, ಆಸ್ತಿ ಸೋದರಮಾವನಿಂದ ಅಳಿಯನಿಗೆ! ನಮ್ಮ ಮನೆಯಲ್ಲೂ ಹಾಗೇ ಇದ್ದದ್ದು" ಅಂದೆ. ಉದ್ದದವ ಎದ್ದು ಬಂದು ನನ್ನ ಕೈ ಕುಲುಕಿದ. "ಅಂಕಲ್, ನೀವು ನಮ್ಮವರು!"

"ಮತ್ತೆ? ಸ್ವಂತ ಸೋದರಮಾವನ ಮೇಲೆ ಕೇಸು ಹಾಕಿ ಗೆದ್ದವ ನಾನು. ಕೋರ್ಟಿನಲ್ಲಿ ವಕೀಲನಿಗೆ ಮಾತಾಡ್ಲಿಕ್ಕೇ ಬಿಡ್ಲಿಲ್ಲ."

"ಗೆದ್ದು ಎಂತ ಸಿಕ್ಕಿತು?" ಅಂತ ಕನ್ನಡಕದವ.

"ಬಾವಿ."

"ನೀರು ಉಂಟಾ?"

"ಬೇಕಾದಷ್ಟು ಉಂಟು ಅಂತ ಹೇಳ್ತಾರೆ. ನಾನು ನೋಡ್ಲಿಲ್ಲ. ಬಾವಿಗೆ ಹೋಗುವ ದಾರಿ ಮಾವನ ಹೆಸರಿಗಾಯ್ತು."

ಶುಕ್ರವಾರದ ಮೀಟಿಂಗು

ಶುಕ್ರವಾರ ಮಧ್ಯಾಹ್ನ ವಿಡಿಯೊ ಕಾಲಿನಲ್ಲಿ ಕುಟುಂಬದ ಮೀಟಿಂಗು. ಕ್ಯಾಂಪಿನ ರೂಮಲ್ಲಿ ಜನ ಮಲಗಿರ್ತಾರೆ, ಹಾಗೆ ನನ್ನ ಬಸ್ಸಲ್ಲಿ. ಅವರ ಪದ್ಧತಿ ಎಂತದ್ದು ಅಂದ್ರೆ, ಸಣ್ಣವರು ಯಜಮಾನನ ಮುಖಕ್ಕೇ ಮಾತಾಡುವ ಹಾಗಿಲ್ಲ. ಮಾತು ದಾಟಿಸ್ಲಿಕ್ಕೆ ಹಿರಿಯವನೊಬ್ಬ ಬೇಕು. ಇಡೀ ಬಸ್ಸಲ್ಲಿ ನರೆತ ತಲೆ ನನ್ನದೊಂದೇ. ಬಿಳಿ ಮುಂಡು ಉಟ್ಟು, ಹೆಗಲಿಗೆ ಶಾಲು ಹಾಕಿ ಡ್ರೈವರ್ ಸೀಟಲ್ಲಿ ಕೂತೆ. ಅವರ ಭಾಷೆ ಕೇಳಿ ನನಗೆ ಹೇಳುವುದು ಕನ್ನಡಕದವನ ಕೆಲಸ. ಪಕ್ಷ ಬೇರೆಯಾದರೂ ಬಂದ. ಹೊಳೆ ಅವನ ಊರಿಗೂ ಹರೀತದಂತೆ.

ಮೊಬೈಲನ್ನು ಸ್ಟೇರಿಂಗಿಗೆ ಕಟ್ಟಿದೆವು. ಆಚೆ ಒಂದು ಮರದ ಕೆಳಗೆ ಮಾವ, ದೊಡ್ಡ ಬಟ್ಟೆ ಹೊದ್ದು, ಎದೆ ಉಬ್ಬಿಸಿ. ಹಿಂದೆ ನೆಲದಲ್ಲಿ ಇವನ ಅಮ್ಮ. ಪಕ್ಕದ ಕುರ್ಚಿಯಲ್ಲಿ ಕುಟುಂಬದ ಹಿರಿ ಹೆಂಗಸು, ಹಣ್ಣು ಹಣ್ಣು ಅಜ್ಜಿ, ಕಣ್ಣು ಮುಚ್ಚಿ ತೂಕಡಿಸ್ತಾ ಇದ್ದಳು.

"ಇದು ಯಾರು?" ಅಂತ ಮಾವ ಕೇಳಿದ.

"ಇವರು ಕತಾರಿನಲ್ಲಿ ನನಗೆ ಸೋದರಮಾವ" ಅಂದ ಉದ್ದದವ.

ನಾನು ಶುರು ಮಾಡಿದೆ. ಚಿನ್ನ ಒಂದು ಸಲ ತೋಡಿದರೆ ಖಲಾಸ್, ಕೊಕ್ಕೊ ವರ್ಷ ವರ್ಷ ಬರ್ತದೆ, ತಂಗಿಗೆ ಕಣ್ಣೀರು ಹಾಕಿಸಬೇಡ ಅಂತ. ಅಂತಹ ಭಾಷಣ ನಾನು ಕೋರ್ಟಲ್ಲೂ ಮಾಡಿರ್ಲಿಲ್ಲ.

ಮಾವ ಕೈ ಎತ್ತಿದ. "ಲೇಟಾಯ್ತು. ಚಿನ್ನದವರು ಪದ್ಧತಿ ಪ್ರಕಾರ ಎರಡು ಬಾಟ್ಲಿ ಸಾರಾಯಿ ತಂದು ಎದುರು ಇಟ್ಟರು. ನಾನು ತಗೊಂಡೆ. ಕುಡಿದೂ ಆಯ್ತು."

ಉದ್ದದವ ಮಂಡೆಗೆ ಕೈ ಹೊತ್ತು ಕೂತುಬಿಟ್ಟ. ಕನ್ನಡಕದವ ಸಣ್ಣ ಸ್ವರದಲ್ಲಿ ಹೇಳಿದ, "ಅಂಕಲ್, ನಮ್ಮಲ್ಲಿ ಸಹಿ ಎಲ್ಲ ಆಮೇಲೆ. ತಂದ ಬಾಟ್ಲಿ ಕುಡಿದರೆ ಕುಟುಂಬ ಒಪ್ಪಿದ ಹಾಗೆ. ಮುಗೀತು."

ನನಗೂ ಸಾಕೆನಿಸಿತು. ಎಲ್ಲಿ ಹೋದರೂ ಹೊಳೆಯ ಕತೆ ಇಷ್ಟೇ ಅಲ್ವಾ? ಆದ್ರೂ ಒಂದು ವಿಷಯ ತಲೆಗೆ ಹೋಗ್ಲಿಲ್ಲ. ಮಾವನನ್ನು ನೋಡಿದರೆ ಒಣ ಕಡ್ಡಿಯ ಹಾಗೆ ಇದ್ದಾನೆ.

"ಎರಡು ಬಾಟ್ಲಿಯಾ? ಸುಳ್ಳು ಹೇಳ್ಬೇಡ ಮಾರಾಯ. ನಿನ್ನೊಟ್ಟಿಗೆ ಯಾರೆಲ್ಲ ಕೂತಿದ್ರು?" ಅಂದೆ.

ಮಾವನಿಗೆ ಸಿಟ್ಟು ಬಂತು. ಎದೆ ತಟ್ಟಿಕೊಂಡ. "ಯಾರೂ ಇಲ್ಲ! ಎರಡನ್ನೂ ನಾನೊಬ್ಬನೇ ಕುಡಿದದ್ದು. ಒಂದು ತೊಟ್ಟು ಬಿಡ್ಲಿಲ್ಲ. ಕುಡಿದು ನೆಟ್ಟಗೆ ನಡೆದು ಮನೆಗೆ ಹೋದವ ನಾನು!"

ಅಜ್ಜಿ ಕಣ್ಣು ಬಿಟ್ಟಳು.

"ಒಬ್ಬನೇ?" ಅಂದಳು. ಅಷ್ಟೇ. ಮಾವನ ಎದೆ ಇಳಿಯಿತು.

ಕನ್ನಡಕದವ ನಗು ತಡೆದುಕೊಂಡು ನನಗೆ ಹೇಳ್ತಾ ಹೋದ. ಕುಟುಂಬದ ಬಾಟ್ಲಿ ಅಂದ್ರೆ ಹಿರಿಯರೆಲ್ಲ ಒಂದೊಂದು ಗುಟುಕು ಕುಡೀಬೇಕು, ಹಿರಿ ಹೆಂಗಸಿನ ಬಾಯಿಗೂ ತಾಗಬೇಕು. ಆಗ ಮಾತ್ರ ಒಪ್ಪಿಗೆ. ಒಬ್ಬನೇ ಕುಡಿದರೆ ಅದು ಒಪ್ಪಿಗೆಯಲ್ಲ, ಬರೇ ಕುಡಿತ. ಅಜ್ಜಿ ಕೋಲು ಊರಿ ಎದ್ದು ನಿಂತು ಬೈದಳು. ಅರ್ಥ ಆಗದಿದ್ದರೂ ನನಗೆ ಇಲ್ಲಿ ಬೆವರು ಬಂತು. "ನನ್ನ ಗಂಟಲು ಒಣಗಿ ಉಂಟು, ಹಾಗಾಗಿ ತೋಟ ಕೊಟ್ಟಾಗಲಿಲ್ಲ. ಅವರ ಎರಡು ಬಾಟ್ಲಿ ನಿನ್ನ ದುಡ್ಡಿನಲ್ಲೇ ತಗೊಂಡು ವಾಪಸ್ ಕೊಡು. ಅಜ್ಜನಿಗೆ ಬ್ಯಾಂಡು ಬೇಡ, ನಾನೇ ಅಳ್ತೇನೆ" ಅಂದಳಂತೆ. ಇವನ ಅಮ್ಮ ಯಾರನ್ನೂ ಕೇಳದೆ ಎದ್ದು, ಕತ್ತಿ ತೆಗೆದುಕೊಂಡು ಸೀದಾ ತೋಟಕ್ಕೆ ನಡೆದಳು.

ಬಸ್ಸಲ್ಲಿ ಕುಣಿತವೇ ಕುಣಿತ. ಎರಡು ಪಕ್ಷ ಅಪ್ಪಿಕೊಂಡಿತು. ಉದ್ದದವ ಹಾರಿ ಬಸ್ಸಿನ ಟಾಪಿಗೆ ತಲೆ ಹೊಡೆದುಕೊಂಡ. ತೋಟ ಉಳಿಸಿದ್ದು ನನ್ನ ಭಾಷಣ ಅಂತ ನಾನು ಎಲ್ಲರಿಗೂ ಬಿಡಿಸಿ ಹೇಳಿದೆ.

ಆಗ ನೋಡಿದರೆ ಮಾವ ಇನ್ನೂ ಲೈನಿನಲ್ಲಿದ್ದಾನೆ. ಅಜ್ಜಿ ಆಚೆ ಹೋದದ್ದು ನೋಡಿ ಮೊಬೈಲಿನ ಹತ್ತಿರ ಬಂದ, ಪಾಪ, ಮುಖ ಸಣ್ಣ ಮಾಡಿ. ಇಂಗ್ಲಿಷಿನಲ್ಲೇ ಕೇಳಿದ:

"ನೀನೂ ಮಾವ, ನಾನೂ ಮಾವ. ದೇವರಾಣೆ ಹೇಳು. ಎರಡು ತುಂಬಿದ ಬಾಟ್ಲಿ ನಿನ್ನ ಕೈಗೆ ಸಿಕ್ಕಿ, ಸುತ್ತಮುತ್ತ ಯಾರೂ ಇರದಿದ್ದರೆ, ನೀನು ಕುಟುಂಬವನ್ನು ಕರೀತಿದ್ದಿಯಾ?"

ಕುಣಿತ ನಿಂತಿತು. ಇಡೀ ಬಸ್ಸು ನನ್ನನ್ನೇ ನೋಡಿತು.

"ಹಲೋ? ಹಲೋ? ಕೇಳ್ತಾ ಇಲ್ಲ, ನೆಟ್ವರ್ಕ್ ಮಾಫಿ" ಅಂತ ಹೇಳಿ ನಾನು ಫೋನು ಕಟ್ ಮಾಡಿದೆ.